ಬಿಸ್ಕತ್ ಡಬ್ಬಿಯೊಳಗಿನ ಕಂಠ

ನಮ್ಮ ಬಸ್ ಕಂಡಕ್ಟರ್ ಕಟ್ಟಿದ ಬ್ಯಾಂಡಿನ ಹೆಸರು 'ತಲೆನೋವು'. ಹೆಸರಿಟ್ಟದ್ದು ಅವಳಲ್ಲ, ಮೇಲಿನ ಮನೆಯ ಆಂಟಿ. ಅಭ್ಯಾಸ ಶುರುವಾದ ಮೊದಲ ದಿನವೇ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಏನ್ರೇ ಇದು ತಲೆನೋವು!" ಎಂದು ಕೂಗಿದ್ದರು. ಹೆಸರಿಗಾಗಿ ಮೂರು ವಾರದಿಂದ ಕಿತ್ತಾಡುತ್ತಿದ್ದ ಮೂವರೂ ಮುಖ ಮುಖ ನೋಡಿಕೊಂಡರು. ಅಲ್ಲಿಗೆ ಜಗಳ ಮುಗಿಯಿತು.

ಮೂವರು ಎಂದೆನಲ್ಲ, ಹಾಡುವವಳು, ಗಿಟಾರ್ ಬಾರಿಸುವವಳು ಈ ಕಂಡಕ್ಟರ್. ಆರು ವರ್ಷದಿಂದ ಸಿಟಿ ಬಸ್ಸಿನಲ್ಲಿ "ಒಳಗೆ ಹೋಗಿ, ಇನ್ನೂ ಒಳಗೆ ಹೋಗಿ" ಎಂದು ಅರಚಿ ಅರಚಿ, ಹುಟ್ಟಿನಿಂದಲೇ ಒರಟಾಗಿದ್ದ ಕಂಠವನ್ನು ಇನ್ನಷ್ಟು ಒರಟು ಮಾಡಿಕೊಂಡವಳು. ಡ್ರಮ್ಸಿಗೆ ನರ್ಸಮ್ಮ. ವಾರವಿಡೀ ಮಕ್ಕಳ ವಾರ್ಡಿನಲ್ಲಿ ತುದಿಗಾಲಲ್ಲಿ ಓಡಾಡಿದ್ದರ ಸೇಡನ್ನೆಲ್ಲ ಭಾನುವಾರ ಆ ಡ್ರಮ್ಮುಗಳ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಬೇಸ್ ಗಿಟಾರಿಗೆ ಗಣಿತದ ಮೇಷ್ಟ್ರು. ಭೂಮಿ ನಡುಗಿದರೂ ಅವರ ಎಣಿಕೆ ತಪ್ಪದು. ನೀವು ಬಾರಿಸುವ ಈ ಪಂಕ್ ರಾಕ್ ಅಂದರೇನು ಎಂದು ಯಾರಾದರೂ ಕೇಳಿದರೆ, "ಮೂರು ಸ್ವರ, ಎರಡು ನಿಮಿಷ, ಒಂದು ಸಿಟ್ಟು" ಎಂದು ಪಾಠ ಒಪ್ಪಿಸುತ್ತಿದ್ದರು.

ಆಲ್ಬಮ್ ಮಾಡೋಣ ಎಂದಾಗ ಸ್ಟುಡಿಯೋ ಹುಡುಕಿಕೊಂಡು ಅಲೆಯಬೇಕಾಗಲಿಲ್ಲ. ಅವಳ ಅಪ್ಪನದೇ ಒಂದಿತ್ತು: ಮನೆಯ ಮೆಟ್ಟಿಲ ಕೆಳಗೆ ಎರಡು ಕೋಣೆ, ಗೋಡೆಗೆಲ್ಲ ಹಳೇ ಕಂಬಳಿ, ಬಾಗಿಲ ಮೇಲೊಂದು ಕೆಂಪು ದೀಪ, ಅದರ ಪಕ್ಕ 'ಕೆಮ್ಮುವವರು ಹೊರಗೇ ಕೆಮ್ಮಿ ಬನ್ನಿ' ಎಂಬ ಬೋರ್ಡು. ನಲವತ್ತು ವರ್ಷದಿಂದ ಅಪ್ಪ ಅಲ್ಲಿ ಅಂಗಡಿಗಳ ಜಾಹೀರಾತು, ಶಾಲೆಗಳ ಹಾಡು, ಬಸ್ ನಿಲ್ದಾಣದ ಪ್ರಕಟಣೆ ರೆಕಾರ್ಡ್ ಮಾಡುತ್ತಿದ್ದ. ಊರೆಲ್ಲ ಕಂಪ್ಯೂಟರಿಗೆ ಹೋಗಿ ಎಷ್ಟೋ ಕಾಲವಾದರೂ ಈ ಮಹಾನುಭಾವ ಟೇಪು ಬಿಟ್ಟಿರಲಿಲ್ಲ. ರೀಲು ತಿರುಗಿಸುತ್ತ, ಬೇಡದ ಉಸಿರು, ತೊದಲು, ಕೆಮ್ಮು ಸಿಕ್ಕಿದಲ್ಲಿ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಎರಡು ತುದಿಗಳನ್ನು ಅಂಟುಪಟ್ಟಿಯಿಂದ ಜೋಡಿಸುವುದು ಅವನ ವಿದ್ಯೆ. ಕತ್ತರಿಸಿದ ಪ್ರತಿ ತುಂಡಿನ ಬೆನ್ನಿಗೂ ಬಿಳಿ ಪೆನ್ಸಿಲ್ಲಿನಲ್ಲಿ ನಂಬರ್ ಬರೆದು ಹಳೇ ಬಿಸ್ಕತ್ ಡಬ್ಬಿಗೆ ಹಾಕಿಟ್ಟು, ಕೆಲಸ ಗಿರಾಕಿಯ ಕೈಸೇರಿದ ಮೇಲೆ ಕಸವೆಂದು ಎಸೆಯುತ್ತಿದ್ದ. "ಜೋಡಣೆ ಕೇಳಿಸಬಾರದು" ಎನ್ನುವುದೊಂದೇ ಅವನ ವೇದ.

ತಾಳ್ಮೆಯೂ ಅಂಥದ್ದೇ. ಹಾಡಲು ಬಂದವರು ಇಪ್ಪತ್ತು ಸಲ ತಪ್ಪಿದರೂ ಮುಖ ಗಂಟಿಕ್ಕಿದವನಲ್ಲ; "ಪರವಾಗಿಲ್ಲ, ಇನ್ನೊಂದ್ಸಲ" ಎನ್ನುತ್ತಿದ್ದ. ಎಲ್ಲರಿಗೂ ಎನ್ನುತ್ತಿದ್ದ. ಸ್ವಂತ ಮಗಳಿಗೆ ಮಾತ್ರ ಒಂದೇ ಒಂದು ಸಲವೂ ಎನ್ನಲಿಲ್ಲ. ಅವಳಿಗೆ ಹನ್ನೆರಡು ವರ್ಷವಿದ್ದಾಗ ಬಸ್ ನಿಲ್ದಾಣದ ಪ್ರಕಟಣೆಗೆ ಒಂದು ಹೆಣ್ಣುಮಗುವಿನ ದನಿ ಬೇಕಾಗಿತ್ತು. ನಾನು, ನಾನು ಎಂದು ಕುಣಿದುಕೊಂಡು ಮೈಕಿನ ಮುಂದೆ ನಿಂತಳು. ಒಂದೂವರೆ ವಾಕ್ಯ ಆಗಿತ್ತೋ ಇಲ್ಲವೋ, ಅಪ್ಪ ಯಂತ್ರ ನಿಲ್ಲಿಸಿದ. ಮಾರನೇ ದಿನ ಪಕ್ಕದ ಬೀದಿಯ ಟೈಲರ್ ಮಗಳು ಬಂದು, ಕಿವಿಗೆ ಎಣ್ಣೆ ಸವರಿದಂಥ ದನಿಯಲ್ಲಿ ಎಲ್ಲವನ್ನೂ ಓದಿ ಹೋದಳು. ಆ ದನಿ ಇವತ್ತಿಗೂ ನಿಲ್ದಾಣದಲ್ಲಿ ಕೂಗುತ್ತದೆ. ನಮ್ಮ ಕಂಡಕ್ಟರ್ ದಿನಕ್ಕೆ ಎಂಟು ಟ್ರಿಪ್ಪು, ಎಂಟು ಸಲವೂ ಅದನ್ನು ಕೇಳಿಸಿಕೊಂಡೇ ಟಿಕೆಟ್ ಹರಿಯಬೇಕು. ನಿಮಗಾಗಿದ್ದರೆ ಹೊಟ್ಟೆ ಉರಿಯುತ್ತಿರಲಿಲ್ಲವೇ? ಅವಳಿಗೂ ಉರಿಯುತ್ತಿತ್ತು.

ಅದಕ್ಕೇ ಈ ಆಲ್ಬಮ್. ತನ್ನ ಕಂಠ ಹೇಗಿದೆಯೋ ಹಾಗೆ, ಬಿರುಕು ಸಮೇತ, ಒಂದು ಸಲ ಲೋಕಕ್ಕೆ ಕೇಳಿಸಬೇಕು. ಅವಳಿಗೆ ಬೇಕಾಗಿದ್ದುದು ಇಷ್ಟೇ. ಆಲ್ಬಮ್ಮಿಗೆ 'ಒಡಕಲು' ಎಂದು ಅವಳೇ ಹೆಸರಿಟ್ಟಳು.

ನಾಲ್ಕು ಭಾನುವಾರಗಳಲ್ಲಿ ಹನ್ನೊಂದು ಹಾಡು ರೆಕಾರ್ಡ್ ಆದವು. ಮೂವರೂ ಒಟ್ಟಿಗೇ ಬಾರಿಸುವುದು, ಒಟ್ಟಿಗೇ ಟೇಪಿಗೆ ಇಳಿಸುವುದು. 'ಒಳಗೆ ಹೋಗಿ ಅಂದ್ರು, ಹೋಗಲ್ಲ! ಮೆಲ್ಲಗೆ ಆಡು ಅಂದ್ರು, ಆಡಲ್ಲ!' ಎಂದು ಅವಳು ಕಿರುಚಿದಾಗ ಗೋಡೆಯ ಕಂಬಳಿಯಿಂದ ಧೂಳು ಉದುರಿತು. ಅಪ್ಪ ಗಾಜಿನಾಚೆ ತುಟಿ ಬಿಗಿಹಿಡಿದು ಕೂತಿದ್ದ. ಪ್ರತಿ ಹಾಡು ಮುಗಿದ ಮೇಲೂ ಅವನದೊಂದು ಬೇಡಿಕೆ ಇರುತ್ತಿತ್ತು: "ಮೈಕಿನ ಅಳತೆ ನೋಡ್ಬೇಕು, ಒಂದ್ಸಲ ಮೆಲ್ಲಗೆ, ಸುಮ್ನೆ ಹಾಡಿಬಿಡಿ."

ಮೂವರೂ ನಂಬಿದರು. ಮಗು ಮಲಗಿಸುವ ಹಾಗೆ ಮೆಲ್ಲಗೆ ಬಾರಿಸಿದರು. ನರ್ಸಮ್ಮನಿಗಂತೂ ಅದು ನಿತ್ಯದ ಕೆಲಸ.

ಬಿಡುಗಡೆಗೆ ಇನ್ನು ಎಂಟೇ ದಿನ. ಡಿಪೋದಲ್ಲಿ ಬಸ್ ತೊಳೆಯುವ ಶೆಡ್ಡನ್ನು ಭಾನುವಾರ ಬೆಳಗ್ಗೆಗೆ ಕೇಳಿ ಪಡೆದಾಗಿತ್ತು, ಪೋಸ್ಟರ್ ಅಂಟಿಸಿಯಾಗಿತ್ತು. ಹಾಡುಗಳನ್ನು ಸಾಲಾಗಿ ಜೋಡಿಸಿಕೊಡುತ್ತೇನೆಂದಿದ್ದ ಅಪ್ಪ ಆ ಶನಿವಾರ ಮಗಳನ್ನು ಕರೆದು ಹೆಡ್‌ಫೋನ್ ಕೊಟ್ಟ. ಮುಖದಲ್ಲಿ ಮಗಳಿಗೆ ಹೊಸ ಬಟ್ಟೆ ತಂದವನ ಸಂಭ್ರಮ.

ಅವಳು ಕೇಳಿದಳು. ಒಂದು ಹಾಡು, ಎರಡು ಹಾಡು. ಮೂರನೆಯದಕ್ಕೆ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು.

"ಏನಪ್ಪಾ ಮಾಡಿದೀಯ?"

"ಇಸ್ತ್ರಿ ಮಾಡಿದೀನಿ" ಎಂದ ಅಪ್ಪ. "ಒಂದು ಸುಕ್ಕು ಹುಡುಕು ನೋಡೋಣ!"

ಎಲ್ಲೆಲ್ಲಿ ಅವಳ ಕಂಠ ಒಡೆದಿತ್ತೋ ಅಲ್ಲೆಲ್ಲ ಆ ಸಾಲನ್ನೇ ಕತ್ತರಿಸಿ ಡಬ್ಬಿಗೆ ಹಾಕಿ, ಮೆಲ್ಲಗೆ ಹಾಡಿದ್ದರಲ್ಲ, ಆ ಟೇಪಿನಿಂದ ಅದೇ ಸಾಲು ತಂದು ಕೂರಿಸಿದ್ದ. ಮೇಷ್ಟ್ರ ಎಣಿಕೆ ಹಾಳಾಗ, ಎರಡೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತುಬಿಟ್ಟಿದ್ದವು. ಹಾಡಿನ ಮುಂಚಿನ ಬೈಗುಳ ಇಲ್ಲ, ನರ್ಸಮ್ಮನ ಕೇಕೆ ಇಲ್ಲ, ಎಳೆದುಕೊಂಡ ಉಸಿರಿಲ್ಲ.

"ಇದರಲ್ಲಿ ನಾನೆಲ್ಲಿದೀನಿ?"

"ನೀನೇ ಅಲ್ವೇನೇ ಅದು?"

"ಅಲ್ಲ. ಅದು ಟೈಲರ್ ಮಗಳು."

ಅಪ್ಪನ ಸಂಭ್ರಮ ಇಳಿಯಿತು. "ನೋಡು, ನಿನ್ನ ಒಳ್ಳೇದಕ್ಕೇ ಮಾಡಿದ್ದು. ನಾಲ್ಕು ಜನ ಕೇಳಿ ನಗಬಾರದು ಅಂತ. ನಲವತ್ತು ವರ್ಷದಲ್ಲಿ ಈ ಕೋಣೆಯಿಂದ ಒಂದು ಒಡಕಲು ದನಿ ಹೊರಗೆ ಹೋಗಿಲ್ಲ."

"ಈಗ ಹೋಗುತ್ತೆ. ಹನ್ನೊಂದು ಹಾಡು ಪೂರ್ತಿ ಹೋಗುತ್ತೆ. ಎಲ್ಲಿ ಕತ್ತರಿಸಿದ್ಯೋ ಅಲ್ಲೇ ವಾಪಸ್ ಅಂಟಿಸು."

"ಕೆಡಿಸೋ ಕೆಲಸ ನನ್ನ ಕೈಯಿಂದ ಆಗಲ್ಲ."

"ನಿನ್ನ ಕೈ ಯಾರು ಕೇಳಿದ್ರು? ಬ್ಲೇಡ್ ಕೊಡು ಇಲ್ಲಿ!"

ಮೆಟ್ಟಿಲ ಮೇಲಿಂದ ಅಮ್ಮ, "ಅಪ್ಪನಿಗೂ ಮಗಳಿಗೂ ಒಂದೇ ತಲೆ ಕೊಟ್ಟುಬಿಟ್ಟಿದಾನೆ ದೇವರು, ಒಡ್ಕೊಳ್ಳಿ!" ಎಂದು ಕೂಗಿದಳು. ಅಪ್ಪ ಎದ್ದು ಹೋದ. ಬ್ಲೇಡು, ಡಬ್ಬಿ ಎರಡೂ ಮೇಜಿನ ಮೇಲೇ ಇದ್ದವು.

ಮತ್ತೆ ರೆಕಾರ್ಡ್ ಮಾಡೋಣವೆಂದರೆ ಮೇಷ್ಟ್ರಿಗೆ ಪರೀಕ್ಷೆ, ನರ್ಸಮ್ಮನಿಗೆ ವಾರವಿಡೀ ಡ್ಯೂಟಿ. ಸೋಮವಾರದಿಂದ ಕಂಡಕ್ಟರ್ ರಜೆ ಹಾಕಿ ಸ್ಟುಡಿಯೋದಲ್ಲಿ ಕೂತಳು. ಚಿಕ್ಕಂದಿನಲ್ಲಿ ಅಪ್ಪನ ಮೊಣಕೈ ಪಕ್ಕ ನಿಂತು ನೋಡಿ ನೋಡಿ ಜೋಡಣೆ ಅವಳಿಗೂ ಬರುತ್ತಿತ್ತು. ಡಬ್ಬಿಯ ತುಂಬ ಕಂದು ಬಣ್ಣದ ಸುರುಳಿಗಳು, ಬೆರಳುದ್ದ, ಮೊಳದುದ್ದ. ಎಲ್ಲವೂ ಅವಳ ಬಿರುಕುಗಳೇ. ಅಪ್ಪನ ಶಿಸ್ತಿಗೆ ಕೈಮುಗಿಯಬೇಕು: ಒಂದಕ್ಕೂ ನಂಬರ್ ತಪ್ಪಿರಲಿಲ್ಲ. ಮೂರನೇ ಹಾಡು, ಹದಿನೇಳನೇ ತುಂಡು. ಮೆತ್ತನೆಯ ಸಾಲು ಕಿತ್ತು ಒಡೆದ ಸಾಲು ಕೂರಿಸುವುದು. ಬೆರಳ ತುದಿಗೆ ಎರಡು ಸಲ ಬ್ಲೇಡು ತಾಗಿತು. ಅಪ್ಪ ದಿನಕ್ಕೆ ಹತ್ತು ಸಲ ಬಾಗಿಲ ಮುಂದೆ ಹಾದುಹೋಗುತ್ತಿದ್ದ. ಒಂದು ಸಲವೂ ಒಳಗೆ ಬರಲಿಲ್ಲ, ಅವಳೂ ಕರೆಯಲಿಲ್ಲ. ಬಂದರೆ ಸೋತ ಹಾಗೆ ಎಂದು ಅವನ ಹಟ, ಕರೆದರೆ ಸೋತ ಹಾಗೆ ಎಂದು ಅವಳ ಹಟ.

ಗುರುವಾರ ಮಧ್ಯಾಹ್ನ ಡಬ್ಬಿ ಖಾಲಿಯಾಯಿತು. ತಳದಲ್ಲಿ ಹಾಸಿದ್ದ ಕಾಗದ ಎತ್ತಿದಾಗ ಅದರಡಿ ಇನ್ನೊಂದು ಸುರುಳಿ ಸಿಕ್ಕಿತು. ಹಳೆಯದು, ಅಂಚು ಮಡಚಿತ್ತು. ಬೆನ್ನಿನ ಮೇಲೆ ನಂಬರ್ ಇರಲಿಲ್ಲ. 'ಮಗಳು' ಎಂದಷ್ಟೇ ಅಪ್ಪನ ಅಕ್ಷರದಲ್ಲಿತ್ತು. ಅವಳು ಅದನ್ನು ಯಂತ್ರಕ್ಕೆ ಹಾಕಿದಳು.

"ಪ್ರಯಾಣಿಕರ ಗಮನಕ್ಕೆ. ಹನ್ನೊಂದನೇ ನಂಬರಿನ ಬಸ್ಸು..." 'ಬಸ್ಸು' ಎನ್ನುವಲ್ಲಿ ಆ ಎಳೇ ದನಿ ಒಡೆಯಿತು.

"ಸಾಕು" ಎಂದಿತು ಅಪ್ಪನ ದನಿ, ಈಗಿನದಕ್ಕಿಂತ ಗಟ್ಟಿ. "ಒಡಕಲು ಕಂಠ ಕಣೇ ನಿಂದು, ಬಿಟ್ಟುಬಿಡು."

"ಇನ್ನೊಂದ್ಸಲ ಹೇಳ್ಲಾ ಅಪ್ಪಾ?"

"ಬೇಡ."

ಅಷ್ಟೇ. ಒಡಕಲು ಎಂದದ್ದು ಅವಳಿಗೆ ಚೆನ್ನಾಗಿಯೇ ನೆನಪಿತ್ತು. ತಾನು 'ಇನ್ನೊಂದ್ಸಲ' ಎಂದು ಕೇಳಿದ್ದು ಮರೆತೇಹೋಗಿತ್ತು. ಎಷ್ಟು ಆಸೆಯಿಂದ ಕೇಳಿತ್ತು ಆ ಮಗು! ಕಂಡಕ್ಟರಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಎಲ್ಲ ಕಸ ಎಸೆಯುವ ಮನುಷ್ಯ ಇದೊಂದನ್ನು ಇಷ್ಟು ವರ್ಷ ಯಾಕೆ ಇಟ್ಟುಕೊಂಡ ಎಂದು ಯೋಚಿಸಿದಳು, ಗೊತ್ತಾಗಲಿಲ್ಲ. ಕೇಳಲೂ ಮನಸ್ಸಾಗಲಿಲ್ಲ. ಮೂಗು ಒರೆಸಿಕೊಂಡು ಬ್ಲೇಡು ಎತ್ತಿಕೊಂಡಳು.

ಭಾನುವಾರ ಡಿಪೋದ ಶೆಡ್ಡು ಕಿಕ್ಕಿರಿಯಿತು. ಡ್ರೈವರುಗಳು, ಮೆಕ್ಯಾನಿಕ್ಕುಗಳು, ವಾರ್ಡಿನ ನರ್ಸುಗಳು, ಮೇಷ್ಟ್ರ ಮೂರು ಬೆಂಚಿನಷ್ಟು ವಿದ್ಯಾರ್ಥಿಗಳು, ಕಿವಿಗೆ ಹತ್ತಿ ತುರುಕಿಕೊಂಡು ಮೇಲಿನ ಮನೆಯ ಆಂಟಿ, "ಹೆಸರಿಟ್ಟೋಳು ನಾನು, ನಾನೇ ಬರದಿದ್ರೆ ಹೇಗೆ?" ಎನ್ನುತ್ತ. ಎಲ್ಲರಿಗಿಂತ ಕೊನೆಗೆ ಅಪ್ಪ ಬಂದು, ನೀರಿನ ಪೈಪುಗಳ ಪಕ್ಕ ಕೈಕಟ್ಟಿ ನಿಂತ.

ಮೊದಲು ರೀಲಿನಿಂದ ಇಳಿಸಿದ ಕ್ಯಾಸೆಟ್ ಕೇಳಿಸುವುದು, ಆಮೇಲೆ ಬ್ಯಾಂಡು ಎಂದು ಮಾತಾಗಿತ್ತು. ಕಂಡಕ್ಟರ್ ಗುಂಡಿ ಒತ್ತಿದಳು. ಶೆಡ್ಡಿನ ದೊಡ್ಡ ಸ್ಪೀಕರುಗಳಿಂದ ಪುಟ್ಟ ದನಿಯೊಂದು, "ಪ್ರಯಾಣಿಕರ ಗಮನಕ್ಕೆ" ಎಂದಿತು. ಡ್ರೈವರುಗಳು ಗೊಳ್ಳೆಂದರು. ದನಿ ಒಡೆಯಿತು. "ಸಾಕು. ಒಡಕಲು ಕಂಠ ಕಣೇ ನಿಂದು, ಬಿಟ್ಟುಬಿಡು" ಎಂದು ಗಂಡಸಿನ ದನಿ ಬಂದಾಗ ನಗು ನಿಂತಿತು. ಅದು ಯಾರ ದನಿ ಎಂದು ಅಲ್ಲಿದ್ದ ಅರ್ಧ ಜನಕ್ಕೆ ಗೊತ್ತು.

"ಇನ್ನೊಂದ್ಸಲ ಹೇಳ್ಲಾ ಅಪ್ಪಾ?"

ಉತ್ತರ ಬರಲಿಲ್ಲ. ಉತ್ತರದ ಜಾಗದಲ್ಲಿ ನರ್ಸಮ್ಮನ ಡ್ರಮ್ಮು ಬಂದು ಬಿತ್ತು, ಅದರ ಮೇಲೆ ಕಂಡಕ್ಟರ್ ಕಂಠ ಬಂತು: "ಮೆಲ್ಲಗೆ ಆಡು ಅಂದ್ರು, ಆಡಲ್ಲ!" ಒಂದೊಂದು ಸಾಲೂ ಒಡೆದು, ಹರಿದು, ತಗಡಿನ ಸೂರಿಗೆ ಬಡಿದು ಬಂತು. ಎರಡನೇ ಸಲ ಆ ಸಾಲು ಬಂದಾಗ ಶೆಡ್ಡಿಗೆ ಶೆಡ್ಡೇ "ಆಡಲ್ಲ!" ಎಂದು ಕೂಗಿತು. ಆಂಟಿ ಹತ್ತಿ ಕಿತ್ತೆಸೆದು ಕೂಗಿದರು.

ಹಾಡು ಮುಗಿದಾಗ ಅಪ್ಪ ಜನರ ನಡುವೆ ದಾರಿ ಮಾಡಿಕೊಂಡು ಬಂದು ಮಗಳ ಮುಂದೆ ನಿಂತ. ಅವಳು ಕ್ಯಾಸೆಟ್ ನಿಲ್ಲಿಸಿದಳು. ಬೈದರೆ ಎಲ್ಲರೆದುರೇ ಬೈಯಲಿ ಎಂದು ಸೆಟೆದು ನಿಂತಳು.

"ಹಾಡಿಗೆ ಮುಂಚೆ ಒಂದು ಜೋಡಣೆ ಕೇಳಿಸ್ತು" ಎಂದ ಅಪ್ಪ.

"ಕೇಳಿಸ್ಲಿ ಅಂತಾನೇ ಹಾಗೆ ಜೋಡಿಸಿದ್ದು."

"ಅಲ್ಲಿ ನನ್ನ ಮಾತೊಂದಿತ್ತು."

"ಇತ್ತು. ಕತ್ತರಿಸಿದೆ. ಡಬ್ಬಿಯಲ್ಲಿದೆ, ಬೆನ್ನಿಗೆ ನಂಬರ್ ಹಾಕಿದೀನಿ. ಬೇಕಿದ್ರೆ ನೀನೇ ವಾಪಸ್ ಅಂಟಿಸ್ಕೋ."

ಅಪ್ಪ ತಲೆ ತಗ್ಗಿಸಿ, ಅವಳ ಬೆರಳಿಗೆ ಸುತ್ತಿದ್ದ ಪಟ್ಟಿಯನ್ನೇ ನೋಡಿದ. 

"ಇನ್ನೊಂದ್ಸಲ" ಎಂದ ಅಪ್ಪ.

"ಏನು?"

"ಮೊದಲಿಂದ ಹಾಕು ಮಗಳೇ. ಇನ್ನೊಂದ್ಸಲ ಕೇಳ್ಬೇಕು."

ಅವಳು ಟೇಪನ್ನು ಮೊದಲಿಗೆ ಸುತ್ತಿ, ಸೌಂಡನ್ನು ಇನ್ನಷ್ಟು ಏರಿಸಿ, ಗುಂಡಿ ಒತ್ತಿದಳು.