ಭಂಡಾರದ ಚೀಲದ ಬೀಗ

ಭೀಮಾಶಂಕರ ದಾರ ಸುತ್ತುವುದು ಮೂರೇ ಸುತ್ತು, ಗಂಟು ಎಡಕ್ಕೆ. ಆ ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಮೈಲಾರಲಿಂಗನ ಭಂಡಾರದ ಚೀಲವನ್ನು ಮೊಳೆಯಿಂದ ಇಳಿಸಿದಾಗ ಗಂಟು ಬಲಕ್ಕಿತ್ತು.

ಹಣೆಗೆ ಅರಿಶಿಣ ಹಚ್ಚಿಕೊಳ್ಳದೆ ಹಾಗೇ ನಿಂತ. ಬಿಚ್ಚಿ ಕೊಡವಿ ನೋಡಿದರೆ ಅರಿಶಿಣ ಪುಡಿಯ ನಡುವೆ ತಾನಿಟ್ಟ ಪೆನ್‌ಡ್ರೈವ್ ಇತ್ತು. ಇದ್ದದ್ದೇ ಅವನಿಗೆ ಹೆಚ್ಚು ಭಯ ತಂದಿತು. ಒಯ್ದವನು ಹೊರಗಿನವನಾಗಿರಬಹುದು. ಒಯ್ದು ಮತ್ತೆ ತಂದಿಟ್ಟವನು ಮನೆಯವನೇ.

ಮರ್ಫಿ ಟೌನಿನ ಆ ಮಹಡಿಯ ಎರಡು ಕೋಣೆಗಳಲ್ಲಿ ನಾಲ್ಕು ಜನ. ಭೀಮಾಶಂಕರ, ಹೆಂಡತಿ ಲಕ್ಷ್ಮಿದೇವಿ, ಬಿ.ಕಾಂ. ಓದುವ ಮಗಳು ಪ್ರಿಯದರ್ಶಿನಿ, ಬೈಕಿನಲ್ಲಿ ಪಾರ್ಸೆಲ್ ಹಂಚುವ ತಮ್ಮ ದುರ್ಗೇಶ. ಶಹಾಪುರದ ಕಡೆಯಿಂದ ಬಂದು ಹದಿನೆಂಟು ವರ್ಷವಾಗಿತ್ತು. ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಭೀಮಾಶಂಕರ ಸೆಕ್ಯುರಿಟಿ ಸೂಪರ್‌ವೈಸರ್. ಯಾರು ಒಳಗೆ ಬಂದರು, ಎಷ್ಟು ಹೊತ್ತಿಗೆ, ಯಾರ ಮನೆಗೆ, ಯಾವಾಗ ಹೊರಗೆ ಹೋದರು ಎಂದು ರಿಜಿಸ್ಟರಿನಲ್ಲಿ ಬರೆಸುವುದು ಅವನ ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿದವನಿಗೆ ಕಣ್ಣು ಮುಚ್ಚಿದರೂ ಒಂದು ಗೇಟು ಕಾಣುತ್ತಿತ್ತು.

ಆ ಪೆನ್‌ಡ್ರೈವಿನಲ್ಲಿ ಅವನ ಬದುಕೆಲ್ಲ ಇತ್ತು. ಒಂಬತ್ತು ಲಕ್ಷದ ಠೇವಣಿ ರಸೀದಿ, ಪಿ.ಎಫ್. ಕಾಗದ, ವಿಮೆಯ ಬಾಂಡು, ಆಧಾರ್, ಪ್ಯಾನ್. ಕೆ.ಆರ್. ಪುರಂ ಆಚೆ ಒಂದು ಸಣ್ಣ ಸೈಟು ಕೊಳ್ಳಬೇಕೆಂದು ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಹಣ ಅದು. ಮೊದಲು ಎಲ್ಲದರ ಫೋಟೋ ಫೋನಿನಲ್ಲೇ ಇತ್ತು. ಜೊತೆಯ ಗಾರ್ಡ್ ವಾಜಿದ್ ಯಾವುದೋ ಲಿಂಕ್ ಒತ್ತಿ, ಒಂದು ಚಹಾ ಕುಡಿಯುವಷ್ಟರಲ್ಲಿ ಖಾತೆ ಬರಿದು ಮಾಡಿಕೊಂಡ ಮೇಲೆ ಭೀಮಾಶಂಕರನ ನಿದ್ದೆ ಹಾರಿತು. ಜೋಗುಪಾಳ್ಯದಲ್ಲಿ ಜೆರಾಕ್ಸ್ ಅಂಗಡಿ ಇಟ್ಟ ಪ್ರೇಮ್‌ಕುಮಾರ್ ಹತ್ತಿರ ಹೋಗಿ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಸಿ ಲಾಕ್ ಮಾಡಿಸಿದ.

"ಹುಟ್ಟಿದ ತಾರೀಕು, ಮಕ್ಕಳ ಹೆಸ್ರು ಇಡ್ಬೇಡಿ ಸಾರ್," ಎಂದಿದ್ದ ಪ್ರೇಮ್‌ಕುಮಾರ್, ಪಾಸ್‌ವರ್ಡ್ ಒತ್ತುವಾಗ ಮುಖ ಆಚೆ ತಿರುಗಿಸಿಕೊಂಡು. "ಆದ್ರೆ ಮನೇಲಿ ಇನ್ನೊಬ್ರಿಗೆ ಗೊತ್ತಿರ್ಲಿ. ನಾಳೆ ನಿಮಗೇ ಮರ್ತೋದ್ರೆ?"

"ಹೂಂ ರೀ," ಎಂದ ಭೀಮಾಶಂಕರ. ಯಾರಿಗೂ ಹೇಳಲಿಲ್ಲ. ಪ್ರತಿ ಭಾನುವಾರ ಭಂಡಾರ ತೂರುವಾಗ ಕೂಗುವ 'ಏಳುಕೋಟಿ'ಯನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ. ಇಡುವ ಜಾಗಕ್ಕೂ ಅವನು ಹೆಚ್ಚು ಯೋಚಿಸಬೇಕಾಗಲಿಲ್ಲ. ಟ್ರಂಕಿಗೆ ಬೀಗವಿದ್ದರೂ ಬೀಗದ ಕೈ ಇರುವ ಜಾಗ ಎಲ್ಲರಿಗೂ ಗೊತ್ತು. ಭಂಡಾರದ ಚೀಲವನ್ನು ಮೈಲಿಗೆಯಲ್ಲಿ ಯಾರೂ ಮುಟ್ಟುವುದಿಲ್ಲ. ಭಾನುವಾರ ಬಿಟ್ಟು ಬೇರೆ ದಿನ ಇಳಿಸುವುದೂ ಇಲ್ಲ.

ಆದರೆ ಈಗ ಯಾರೋ ಇಳಿಸಿದ್ದರು.

ಅಂದು ಸಂಜೆ ಪ್ರೇಮ್‌ಕುಮಾರ್ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಪೆನ್‌ಡ್ರೈವಿನ ಬಾಯಿಯ ಅರಿಶಿಣ ಉದುರಿಸಿ, ಕಂಪ್ಯೂಟರಿಗೆ ಚುಚ್ಚಿ, ಹುಬ್ಬು ಗಂಟಿಕ್ಕಿದ. "ಸಾರ್, ಯಾರೋ ಲಾಕ್ ತೆಗ್ದಿದ್ದಾರೆ. ತೆಗ್ದಾಗ ಇಲ್ಲೊಂದು ಫೋಲ್ಡರ್ ಬಂದಿದೆ ನೋಡಿ. ಅದ್ರೊಳಗಿನ ನಕಲು ಅಳಿಸಿ, ಖಾಲಿ ಫೋಲ್ಡರ್ ಅಳಿಸೋದು ಮರ್ತಿದ್ದಾರೆ. ನಿಮ್ಮ ಕಾಗದ ಎಲ್ಲಾ ಹಾಗೇ ಇವೆ. ಮಂಗಳವಾರ, ಹನ್ನೊಂದು ಐವತ್ತೆರಡು."

"ನಿಮ್ಮ ಅಂಗಡ್ಯಾಗೇನು?"

"ನಮ್ಮಲ್ಲಾ? ಇಲ್ಲ ಸಾರ್, ಮಂಗಳವಾರ ಇಲ್ಲಿ ಕರೆಂಟೇ ಇರ್ಲಿಲ್ಲ. ಅಕ್ಕಪಕ್ಕ ಕೇಳಿ ಬೇಕಾದ್ರೆ."

ಅಕ್ಕಪಕ್ಕ ಕೇಳಿದ. ಕರೆಂಟು ಇರಲಿಲ್ಲ, ನಿಜ.

ಮನೆಗೆ ನಡೆಯುತ್ತ ಭೀಮಾಶಂಕರ ತಲೆಯಲ್ಲೇ ರಿಜಿಸ್ಟರ್ ತೆರೆದ. ಮಂಗಳವಾರ ತಾನು ಡ್ಯೂಟಿ. ಪ್ರಿಯದರ್ಶಿನಿ ಕಾಲೇಜು. ದುರ್ಗೇಶ ರಸ್ತೆಯಲ್ಲಿ, ಆದರೆ ಅವನ ರಸ್ತೆಗೆ ಗೇಟಿಲ್ಲ, ಯಾವಾಗ ಬೇಕಾದರೂ ಮನೆಗೆ ಬಂದು ಹೋಗಬಹುದು. ಲಕ್ಷ್ಮಿದೇವಿ ರೊಟ್ಟಿ ಬಡಿಯುವ ಹಲಸೂರಿನ ಖಾನಾವಳಿಗೆ ಮಂಗಳವಾರ ರಜೆ, ಹಾಗಾಗಿ ಅವಳು ಮನೆಯಲ್ಲೇ ಇದ್ದಳು. ಅವಳು ಏನಾದರೂ ನೋಡಿರಬಹುದು.

ಲಕ್ಷ್ಮಿದೇವಿ ಸೊಪ್ಪು ಬಿಡಿಸುತ್ತ ಕೂತಿದ್ದಳು.

"ಹೋದ ಮಂಗಳವಾರ ಮನೀಗಿ ಯಾರರೆ ಬಂದಿದ್ರೇನು?"

"ಯಾರೂ ಬಂದಿಲ್ಲ."

"ದುರ್ಗೇಶ ನಡುವ ಬಂದು ಹೋಗ್ಯಾನೇನು?"

"ಇಲ್ಲ." ಅವಳು ಸೊಪ್ಪಿನ ಕಡ್ಡಿ ಮುರಿದು, ತಲೆ ಎತ್ತಿ ಅವನನ್ನೇ ನೋಡಿದಳು. "ಮತ್ತೇನರೆ ಕೇಳೋದದ?"

"ಏನಿಲ್ಲ," ಎಂದ ಭೀಮಾಶಂಕರ.

ಮೈದುನನನ್ನು ಕಾಪಾಡುತ್ತಿದ್ದಾಳೆ ಅನ್ನಿಸಿತು. ಮೂರು ದಿನ ಪೆನ್‌ಡ್ರೈವನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡೇ ಓಡಾಡಿದ. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕು ಬರೆಸಿದ, ಠೇವಣಿ ಕೇಳಿ ಬಂದ. ಒಂದು ರೂಪಾಯಿಯೂ ಅಲುಗಿರಲಿಲ್ಲ. ಅಲುಗಿದ್ದರೆ ಪೊಲೀಸರಿಗಾದರೂ ಹೇಳಬಹುದಿತ್ತು. ಹೊಂಚು ಹಾಕಿ ಕೂತವನ ವಿಷಯ ಯಾರಿಗೆ ಹೇಳುವುದು? ಹಿಂದಿನ ತಿಂಗಳು ದುರ್ಗೇಶ ಸರಕು ಆಟೋಗೆ ಮುಂಗಡ ಬೇಕೆಂದು ಕೇಳಿದ್ದ. ತನ್ನಲ್ಲಿ ಇಲ್ಲವೆಂದು ಭೀಮಾಶಂಕರ ಅಂದಿದ್ದ. ಇದೆಯೋ ಇಲ್ಲವೋ ಎಂದು ನೋಡಲು ತೆಗೆದಿರಬೇಕು.

ಬುಧವಾರ ಊಟಕ್ಕೆ ಕೂತಾಗ ಕೇಳಿಯೇಬಿಟ್ಟ. "ಹೋದ ವಾರ ಮಂಗಳವಾರ ಹನ್ನೊಂದೂವರಿ ಸುಮಾರು ನೀ ಎಲ್ಲಿದ್ದಿ?"

ದುರ್ಗೇಶ ನಕ್ಕ. "ಯಾವ ಫ್ಲ್ಯಾಟಿಗಿ ಬಂದೀನಿ ಅಂತ ಬರ್ಕೋಬೇಕೇನಣ್ಣಾ?"

"ಕೇಳಿದ್ದಕ್ಕ ಹೇಳು."

ನಗು ನಿಂತಿತು. ವಿಷಯ ತಿಳಿದ ಮೇಲೆ ದುರ್ಗೇಶ ತಟ್ಟೆ ಸರಿಸಿದ. "ಗಾಡಿ ಮುಂಗಡಕ್ಕ ನಿನ್ನ ಕೇಳಿದ್ದು ಖರೆ. ಕದಿಯವ ಕೇಳ್ತಾನೇನು?"

"ನಾ ಕಳ್ಳ ಅಂದಿಲ್ಲ."

"ಅಂದಿಲ್ಲ. ರಿಜಿಸ್ಟರ್‌ದಾಗ ಬರ್ಕೊಂಡಿ ಅಷ್ಟ." ಎದ್ದು ಹೆಗಲಿಗೆ ಬ್ಯಾಗು ಹಾಕಿದ. ಬಾಗಿಲ ಹತ್ತಿರ ಅದನ್ನು ಬಿಚ್ಚಿ ಹಿಡಿದು ತೋರಿಸಿದ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೆಲಸದವರು ತೋರಿಸುವ ಹಾಗೆ. "ನೋಡ್ಕೋ. ಎರಡು ಅಂಗಿ, ಒಂದು ಚಾರ್ಜರ್. ಹೋಗ್ಲೇನು?"

ಭೀಮಾಶಂಕರನ ಕಣ್ಣು ಬ್ಯಾಗಿನೊಳಗೆ ಹೋಗಿ ಬಂತು. ದುರ್ಗೇಶ ಅದನ್ನು ನೋಡಿದ. ಲಕ್ಷ್ಮಿದೇವಿಯೂ ನೋಡಿದಳು, ಏನೋ ಹೇಳಲು ಬಾಯಿ ತೆರೆದವಳು ಗಂಡನ ಮುಖ ನೋಡಿ ಸುಮ್ಮನಾದಳು. ದುರ್ಗೇಶ ಮೆಟ್ಟಿಲಿಳಿದು ಗೆಳೆಯನ ರೂಮಿಗೆ ಹೋದ.

ಮುಂದಿನ ಭಾನುವಾರ ಭಂಡಾರದ ಚೀಲದಲ್ಲಿ ಒಂದು ಬಸ್ ಟಿಕೆಟ್ ಸಿಕ್ಕಿತು. ಮಡಿಸಿ ಮಡಿಸಿ ಉಗುರಿನಷ್ಟಾಗಿದ್ದ ಚೀಟಿ, ಅರಿಶಿಣ ಹತ್ತಿ ಹಳದಿಯಾಗಿತ್ತು. ಹಿಂದಿನ ವಾರ ಪೆನ್‌ಡ್ರೈವಿನ ಗಾಬರಿಯಲ್ಲಿ ನೋಡದೆ ಬಿಟ್ಟಿರಬೇಕು ಎಂದುಕೊಂಡ. ಕಿಟಕಿಗೆ ಹಿಡಿದು ಓದಿದ. ಅದೇ ಮಂಗಳವಾರ, ಹನ್ನೊಂದು ಹದಿನೆಂಟು. ಹಲಸೂರಿನಿಂದ ಶಿವಾಜಿನಗರ. ದರ ಶೂನ್ಯ.

ಶೂನ್ಯ ದರದ ಟಿಕೆಟ್ಟು ಹೆಂಗಸರಿಗೆ ಮಾತ್ರ. ದುರ್ಗೇಶನಲ್ಲ.

ತಮ್ಮನಿಗೆ ಮಾಡಿದ ಅನ್ಯಾಯ ಎದೆಯಲ್ಲಿ ಮುಳ್ಳಾಗಿ ಚುಚ್ಚಿತು. ಆದರೆ ಅನುಮಾನ ಅಲ್ಲಿಗೆ ನಿಲ್ಲದೆ ಪಕ್ಕದ ಕೋಣೆಗೆ ನಡೆಯಿತು. ಪ್ರಿಯದರ್ಶಿನಿಯ ಕಾಲೇಜು ಆ ಕಡೆಯೇ. ಅವಳಿಗೆ ಕಂಪ್ಯೂಟರು ಬರುತ್ತದೆ. ಅವಳು ಸ್ನಾನಕ್ಕೆ ಹೋದಾಗ ಅವಳ ಹಳೆಯ ಲ್ಯಾಪ್‌ಟಾಪನ್ನು ಬೆಳಕಿಗೆ ತಿರುಗಿಸಿ, ಪೆನ್‌ಡ್ರೈವ್ ಚುಚ್ಚುವ ತೂತಿನಲ್ಲಿ ಅರಿಶಿಣವಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದ. ಇರಲಿಲ್ಲ. ತಿರುಗಿದರೆ ಮಗಳು ಒದ್ದೆ ಕೂದಲಲ್ಲಿ ಬಾಗಿಲಲ್ಲಿ ನಿಂತಿದ್ದಳು.

"ಏನ್ ಹುಡುಕ್ತಿದೀರಪ್ಪಾ?"

"ಧೂಳಾಗ್ಯಾದ."

"ಚಿಕ್ಕಪ್ಪಂದು ಆಯ್ತು, ಈಗ ನಂದಾ?" ಎಂದು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಒಳಗೆ ಹೋದಳು.

ಮರುದಿನ ಅವನಿಗೆ ವಾರದ ರಜೆ. ಶಿವಾಜಿನಗರದಲ್ಲಿ ಇಳಿದು, ಬಸ್ ನಿಲ್ದಾಣದ ಸುತ್ತಲಿನ ಜೆರಾಕ್ಸ್ ಅಂಗಡಿಗಳನ್ನು ಒಂದೊಂದೇ ಹೊಕ್ಕ. ಎಲ್ಲ ಕಡೆ ಆಧಾರಿನ ನಕಲು ಬೇಕೆಂದು ಕೇಳಿ, ಅವರು ಮಾಡಿಕೊಡುವಷ್ಟರಲ್ಲಿ ಕಂಪ್ಯೂಟರಿನ ಮುಂಭಾಗವನ್ನು ಬಗ್ಗಿ ನೋಡಿದ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯ ನಾಲ್ಕನೇ ಅಂಗಡಿಗೆ ಬರುವಾಗ ಕೈಯಲ್ಲಿ ಮೂರು ನಕಲುಗಳಿದ್ದವು. ಅಲ್ಲಿನ ಕಂಪ್ಯೂಟರಿನ ಕಪ್ಪು ಪೆಟ್ಟಿಗೆಯ ಎಡಗಡೆಯ ತೂತಿನ ಅಂಚಿಗೆ, ಹೊಸಿಲಿಗೆ ಹಚ್ಚಿದ ಹಾಗೆ, ಹಳದಿ ಗೆರೆ.

ಅಂಗಡಿಯ ಜಹನಾರಾಗೆ ಐವತ್ತು ದಾಟಿತ್ತು. ಕನ್ನಡಕದ ಮೇಲಿಂದ ನೋಡಿದಳು. "ಕ್ಯಾ ಭಾಯ್, ಕಂಪ್ಯೂಟರ್ ಕೊಂಡ್ಕೋತೀರಾ? ಅಷ್ಟು ಬಗ್ಗಿ ನೋಡ್ತೀರಾ."

"ಇಲ್ಲಿ ಅರಿಶಿಣ ಅದಲ್ರೀ..."

"ಅಯ್ಯೋ, ಅದಾ! ಎರಡು ವಾರ ಆಯ್ತು, ಹೋಗ್ತಾನೇ ಇಲ್ಲ. ಪೆನ್‌ಡ್ರೈವ್ ತುಂಬಾ ಹಲ್ದಿ ತಂದಿದ್ರು. ಏನಮ್ಮಾ, ಇದಕ್ಕೆ ಶಾದಿ ಫಿಕ್ಸ್ ಆಗಿದ್ಯಾ ಅಂತ ಕೇಳ್ದೆ. ಪಾಪ, ನಗಲೇ ಇಲ್ಲ."

ಭೀಮಾಶಂಕರ ಫೋನು ತೆಗೆದ. ಪ್ರಿಯದರ್ಶಿನಿಯ ಕಾಲೇಜಿನ ಮೊದಲ ದಿನ ಗೇಟಿನ ಮುಂದೆ ತಾನೇ ತೆಗೆದ ಫೋಟೋ. ಮಗಳು ನಡುವೆ, ಬ್ಯಾಗು ಹಿಡಿದು. "ಈ ಹುಡುಗಿನೇನು?"

ಜಹನಾರಾ ಫೋನನ್ನು ದೂರ ಹಿಡಿದು ನೋಡಿದಳು. "ಈಕೆ ಅಲ್ಲ." ಕೊಡಲು ಕೈ ಚಾಚಿದವಳು ಮತ್ತೆ ಹತ್ತಿರ ತಂದಳು. "ಅರೆ, ಪಕ್ಕದಲ್ಲಿ ಇದಾರಲ್ಲ. ಅರ್ಧ ಮುಖ. ಅವರೇ."

ಭೀಮಾಶಂಕರ ಫೋಟೋ ನೋಡಿದ. ತೆಗೆಯುವಾಗ ಲಕ್ಷ್ಮಿದೇವಿಯ ಅರ್ಧ ಮುಖ ಆಚೆಗೆ ಉಳಿದದ್ದು ಅವನ ಗಮನಕ್ಕೆ ಬಂದಿರಲಿಲ್ಲ. ಇಷ್ಟು ದಿನ ನೋಡಿದಾಗಲೂ ಬಂದಿರಲಿಲ್ಲ. ಫೋನಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋದ. ಅವಳೊಬ್ಬಳೇ ಇರುವ ಚಿತ್ರ ಒಂದೂ ಸಿಗಲಿಲ್ಲ.

"ಏನು ನೋಡಿದಳು ಆಕಿ?"

"ಗಿರಾಕಿ ಕಾಗದದ ವಿಷಯ ನಾನು ಯಾರಿಗೂ ಹೇಳಲ್ಲ ಭಾಯ್," ಎಂದಳು ಜಹನಾರಾ, ಮುಖ ಬಿಗಿದು. "ಮನೆಯವರೇ ಅಲ್ವಾ? ಕೇಳಿ ಅವರನ್ನ."

ಅವನು ಮನೆ ಸೇರುವಾಗ ಸಂಜೆ. ಲಕ್ಷ್ಮಿದೇವಿ ರೊಟ್ಟಿ ಬಡಿಯುತ್ತಿದ್ದಳು. ಭೀಮಾಶಂಕರ ಹಳದಿ ಟಿಕೆಟ್ಟನ್ನು ಅವಳ ಮುಂದೆ ಹಿಟ್ಟಿನ ಪಕ್ಕದಲ್ಲಿಟ್ಟ. ಬಡಿತ ನಿಂತಿತು.

"ನೀನೇನು?"

"ಹೂಂ. ನಾನೇ."

"ಮತ್ತ ನಾ ಕೇಳಿದಾಗ ಯಾಕ ಹೇಳಲಿಲ್ಲ?"

"ಯಾರು ಬಂದಿದ್ರು ಅಂತ ಕೇಳಿದ್ರಿ. ಯಾರೂ ಬಂದಿರಲಿಲ್ಲ."

"ಲಾಕ್ ಹ್ಯಾಂಗ ತೆಗ್ದಿ?"

"ಚೀಲದಾಗ ಇಟ್ಟಿದ್ದು ನೋಡಿದ್ದೆ. ಬಾಗಿಲಾ ದೇವರದು ಮಾಡೀರಿ. ಬೀಗನೂ ದೇವರದೇ ಇರ್ತದ ಅನ್ಕೊಂಡೆ. ಏಳುಕೋಟಿ ಬಿಟ್ರ ನಿಮ್ಮ ತಲ್ಯಾಗ ಮತ್ತೇನು ಬರ್ತದ? ಅಂಗಡ್ಯಾಕಿ ಎರಡನೇ ಸಲಕ್ಕ ತೆಗದ್ಳು."

ಲಕ್ಷ್ಮಿದೇವಿ ಕೈ ಒರೆಸಿಕೊಂಡು, ಜೋಳದ ಹಿಟ್ಟಿನ ಡಬ್ಬಿಯ ಅಡಿಯಿಂದ ಒಂದು ಹಾಳೆ ತೆಗೆದಳು. ಠೇವಣಿ ರಸೀದಿಯ ಪ್ರತಿ. ಕೆಳಗಿನ ಒಂದು ಸಾಲಿನ ಕೆಳಗೆ ಉಗುರಿನಿಂದ ಗೀರಿದ್ದಳು.

"ಕೆಳಗಿನ ಮನಿ ಮುನಿರಾಜಪ್ಪ ಸತ್ತಾಗಿಂದ ಚಿಕ್ಕಮುನಿಯಮ್ಮ ಬ್ಯಾಂಕಿಗಿ ತಿರುಗಿ ತಿರುಗಿ ಚಪ್ಪಲಿ ಸವೆಸ್ಯಾಳ. ಒಂದಿನ ಜೊತಿಗಿ ನಾನೂ ಹೋಗಿದ್ದೆ. ನಾಮಿನಿ ಯಾರು, ನಾಮಿನಿ ಯಾರು ಅಂತ ಒಂದೇ ಮಾತು ಕೇಳ್ತಾರ ಅಲ್ಲಿ. ನಮ್ಮನ್ಯಾಗ ಯಾರು ಅಂತ ನೋಡ್ಲಾಕ ಹೋದೆ." ಗೀರಿದ ಕಡೆ ಬೆರಳಿಟ್ಟಳು. "ನನಗ ಇಂಗ್ಲಿಷ್ ಬರಂಗಿಲ್ಲ. ಮನ್ಯಾಗಿನವರ ಹೆಸರಿನ ಮೊದಲಕ್ಷರ ಗೊತ್ತವ. ನಂದು ಎಲ್. ಇಲ್ಲಿ ಡಿ ಅದ."

ದುರ್ಗೇಶನ ಹೆಸರು. ಮದುವೆಗೂ ಮುಂಚೆ ಖಾತೆ ತೆರೆದಾಗ ಕೊಟ್ಟದ್ದು. ಎರಡು ವರ್ಷದ ಹಿಂದೆ ಠೇವಣಿ ಹೊಸದು ಮಾಡುವಾಗ ಬ್ಯಾಂಕಿನ ಹುಡುಗಿ, ನಾಮಿನಿ ಅದೇ ಇರಲಾ ಎಂದು ಕೇಳಿದ್ದಳು. ಅದೇ ಇರಲಿ ಎಂದಿದ್ದ. ಆ ಹೊತ್ತಿನಲ್ಲಿ ಲಕ್ಷ್ಮಿದೇವಿಯ ಹೆಸರನ್ನು ಅವನು ಬೇಡವೆಂದು ಬಿಟ್ಟಿರಲಿಲ್ಲ. ಆ ಹೆಸರು ನೆನಪಿಗೇ ಬಂದಿರಲಿಲ್ಲ.

"ತಮ್ಮನ ಮ್ಯಾಲ ಸಂಶಯ ಪಟ್ರಿ," ಎಂದಳು ಅವಳು. ದನಿ ಏರಲಿಲ್ಲ. "ಮಗಳ ಮ್ಯಾಲ ಪಟ್ರಿ. ಮಂಗಳವಾರ ಮನ್ಯಾಗ ಇದ್ದಾಕಿ ನಾನೊಬ್ಬಾಕಿ. ನನ್ನ ಮ್ಯಾಲ ಸಂಶಯನೂ ಬರಲಿಲ್ಲಲ್ರಿ ನಿಮಗ."

ಅವನು ಗೋಡೆಗೊರಗಿ ಕೂತ. ಒಲೆಯ ಮೇಲೆ ಹೆಂಚು ಬರಿದೇ ಕಾಯುತ್ತಿತ್ತು. ಅವಳೇ ಉರಿ ಸಣ್ಣದು ಮಾಡಿದಳು.

"ನಾಳಿಗಿ ಬ್ಯಾಂಕಿಗಿ ಹೋಗಿ ಬದಲಿ ಮಾಡಸ್ತೀನಿ."

"ನಾನೂ ಬರ್ತೀನಿ. ಅವರು ಬರಿಯೋದು ನಾ ನೋಡ್ಬೇಕು. ಮೊದಲ ದುರ್ಗೇಶಗ ಫೋನ್ ಹಚ್ರಿ. ಅವತ್ತ ನಾನೂ ಬಾಯಿ ಬಿಡಲಿಲ್ಲ, ನಂದೂ ತಪ್ಪದ ಅಂತ ಹೇಳ್ರಿ."

ಫೋನು ಹಚ್ಚಿದ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಹಚ್ಚಿದ. ಆಚೆಯಿಂದ ಯಾರೋ ಕಟ್ ಮಾಡಿದರು.

ಲಕ್ಷ್ಮಿದೇವಿ ಕೈಕಾಲು ತೊಳೆದು ಬಂದು ಕೈ ಚಾಚಿದಳು. ಅವನು ಒಳಜೇಬಿನಿಂದ ಪೆನ್‌ಡ್ರೈವ್ ತೆಗೆದುಕೊಟ್ಟ. ಅವಳು ಮೊಳೆಯಿಂದ ಚೀಲ ಇಳಿಸಿ, ಅದನ್ನು ಅರಿಶಿಣದೊಳಗೆ ಹುದುಗಿಸಿ, ದಾರ ಸುತ್ತತೊಡಗಿದಳು. ಒಂದು, ಎರಡು, ಮೂರು. ಗಂಟು ಎಡಕ್ಕೆ. ಥೇಟು ಅವನು ಕಟ್ಟುವ ಹಾಗೆಯೇ.

ಭೀಮಾಶಂಕರ ಆ ಗಂಟನ್ನೇ ನೋಡಿದ. ಗಂಟು ಬಲಕ್ಕಿದ್ದ ಭಾನುವಾರ ಚೀಲ ಕೊಡವಿದಾಗ ಟಿಕೆಟ್ಟು ಕಂಡಿರಲಿಲ್ಲ ಎನ್ನುವುದು ಈಗ ಸ್ಪಷ್ಟವಾಗಿ ನೆನಪಾಯಿತು. ಅದು ಆಮೇಲೆ ಸೇರಿದ್ದು.

"ನಿನಗ ಗೊತ್ತದಲ್ಲ ಹ್ಯಾಂಗ ಕಟ್ಟೋದು ಅಂತ," ಎಂದ. "ಅವತ್ತು ಬಲಕ್ಕ ಯಾಕ ಕಟ್ಟಿದ್ದಿ?"

ಅವಳು ಚೀಲವನ್ನು ಮೊಳೆಗೆ ಸಿಕ್ಕಿಸಿ, ಒಲೆಯ ಮುಂದೆ ಬಂದು ಕೂತು, ಹಿಟ್ಟಿನ ಉಂಡೆಯನ್ನು ಮತ್ತೆ ಕೈಗೆತ್ತಿಕೊಂಡಳು.

"ಕೇಳ್ತೀರೇನೋ ಅಂತ."