ಮೂರು ಗೆರೆಯ ಬೀಗ

ಯಾರಾದರೂ ಓದಿಬಿಟ್ಟಿದ್ದರೆ?

ಅಡುಗೆಮನೆಯ ಬಾಗಿಲ ಹಿಂದೆ ನಿಂತು ದಾಕ್ಷಾಯಿಣಿ ಇದೊಂದನ್ನೇ ತನ್ನೊಳಗೆ ಕೇಳಿಕೊಳ್ಳುತ್ತಿದ್ದಳು. ಪಡಸಾಲೆಯಲ್ಲಿ ಅವಳ ಸೋದರತ್ತೆ ಕಾಶೆವ್ವ, ಸೊಂಟದಲ್ಲಿ ಸಂಚಿ ಸಿಕ್ಕಿಸಿಕೊಳ್ಳುವ ಜಾಗವನ್ನು ತಡವಿಕೊಳ್ಳುತ್ತ, ದಾಕ್ಷಾಯಿಣಿಯ ಅಪ್ಪನಾದ ತನ್ನ ತಮ್ಮ ಅಪ್ಪಣ್ಣನ ಮುಂದೆ ನಡೆದದ್ದನ್ನು ಹೇಳುತ್ತಿದ್ದಳು. ಗೋಕಾಕದಲ್ಲಿ ಕೊಣ್ಣೂರ ಬಸ್ಸು ಹತ್ತುವಾಗ ಗದ್ದಲವಿತ್ತಂತೆ. ಹೇಗೋ ಸೀಟು ಸಿಕ್ಕಿತಂತೆ. ಎಲೆ ಹಾಕಿಕೊಳ್ಳೋಣವೆಂದು ಕೈಯಿಟ್ಟರೆ ಸಂಚಿಯೇ ಇಲ್ಲ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಎಲ್ಲದರ ಜೊತೆಗೆ ಫೋನೂ ಹೋಗಿತ್ತು.

"ಫೋನ್ ಹೋದ್ರ ಹೋಗ್ಲಿ ಅಪ್ಪಣ್ಣ, ಅದು ಅವ್ವನ ಡಬ್ಬಿ ಇತ್ತೋ."

"ತುಡುಗ ಮಾಡಿದಂವ ಇಷ್ಟೊತ್ತಿಗೆ ಎಲಿ ಹಾಕ್ಕೊಂಡು ನಿನ್ನ ನೆನಸಾಕತ್ತಿರತಾನ ಬಿಡಕ್ಕಾ," ಎಂದ ಅಪ್ಪಣ್ಣ.

ಬಿ.ಎ. ಮುಗಿಸಿ ಮನೆಯಲ್ಲಿದ್ದ ದಾಕ್ಷಾಯಿಣಿ ಶಾಲೆಯ ದಿನಗಳಿಂದಲೂ ಡೈರಿ ಬರೆಯುವವಳು. ಆದರೆ ಡೈರಿ ಬರೆಯುವುದೆಂದರೆ ಗೋಡೆಗೆ ಮುಖ ಮಾಡಿ ಕೂತ ಹಾಗೆ. ಕೆಲವು ಮಾತುಗಳಿಗೆ ಎದುರಿಗೆ ಒಬ್ಬರು ಇರಬೇಕಿತ್ತು, ಆದರೆ ಅವರಿಗೆ ತಿಳಿಯಬಾರದಿತ್ತು. ಅಂಥವನ್ನು ಅವಳು ಫೋನಿನಲ್ಲಿ ಬರೆದು ಅತ್ತೆಗೆ ಕಳಿಸುತ್ತಿದ್ದಳು. ಕಾಶೆವ್ವನಿಗೆ ಓದಲು ಬರುತ್ತಿರಲಿಲ್ಲ. ಕೊಟ್ಟಿಗೆಯಲ್ಲೋ ಕಟ್ಟೆಯ ಮೇಲೋ ಇದ್ದಾಗ ಸಂಚಿಯೊಳಗಿಂದ ಟಿಂಗ್ ಎಂದರೆ ಕೈ ಒರೆಸಿಕೊಂಡು ಫೋನು ತೆಗೆಯುತ್ತಿದ್ದಳು. ದಾಕ್ಷಿಯ ಫೋಟೊ ಕಂಡಿತೆಂದರೆ ಒಂದು ಹೂವಿನ ಚಿತ್ರ ಒತ್ತಿ ವಾಪಸು ಕಳಿಸುತ್ತಿದ್ದಳು. ಇಷ್ಟುದ್ದ ಏನು ಬರೆದಿದ್ದೀ ಎಂದು ಒಮ್ಮೆಯೂ ಕೇಳಿರಲಿಲ್ಲ.

ಕಳೆದ ವಾರ ಬರೆದದ್ದು ಮಹೇಶನ ಬಗ್ಗೆ. ಬೆಲ್ಲದ ಬಾಗೇವಾಡಿಯಿಂದ ಅವನ ಮನೆಯವರು ಹೆಣ್ಣು ನೋಡಲು ಬಂದಿದ್ದರು. ಹಿರಿಯರು ಕಬ್ಬು, ಕಾರ್ಖಾನೆ ಎಂದು ಮಾತಾಡಿ ಮುಗಿಸಿ, "ನೀನೂ ಏನರ ಕೇಳಪ್ಪಾ ಹುಡುಗಿನ್ನ" ಎಂದರು. ಅವನು ಬಹಳ ಹೊತ್ತು ಯೋಚಿಸಿದ. ಕೈಯಲ್ಲಿದ್ದ ಖಾಲಿ ತಂಬಿಗೆಯನ್ನು ನೋಡಿ, "ಇದನ್ನ ಎಲ್ಲಿ ಇಡ್ಬೇಕ್ರಿ?" ಎಂದು ಕೇಳಿದ. ಎಲ್ಲರೂ ನಕ್ಕರು. ಅವನು ಕಿವಿಯವರೆಗೆ ಕೆಂಪಾದರೂ ಎದ್ದು, ಅಡುಗೆಮನೆಯ ಹೊಸ್ತಿಲವರೆಗೆ ಬಂದು ತಂಬಿಗೆಯನ್ನು ಅವಳ ಕೈಗೇ ಕೊಟ್ಟ. ಆ ಸಂಜೆ ಅವಳು ಬರೆದಿದ್ದಳು: "ಅತ್ತಿ, ಅವನ ಹತ್ತಿರ ನಾನು ಸುಮ್ಮನೆ ಕೂತಿರಬಲ್ಲೆ. ಯಾರ ಹತ್ತಿರವೂ ನನಗೆ ಹಾಗೆ ಅನ್ನಿಸಿಲ್ಲ." ಕೊಟ್ಟಿಗೆಯಿಂದ ಹೂವು ಬಂದಿತ್ತು.

ಬಾಯಿಬಿಟ್ಟು ಮಾತ್ರ ಅವಳು ಏನೂ ಹೇಳಲಿಲ್ಲ. ಅಪ್ಪ ಕೇಳಿದಾಗ ನೆಲ ನೋಡಿದಳು. ಅತ್ತೆ ಕೇಳಿದಾಗ ಒಣಗಿದ ಬಟ್ಟೆ ತರುವ ನೆವದಲ್ಲಿ ಮಾಳಿಗೆ ಹತ್ತಿದಳು. ಹುಡುಗಿಗೆ ಮನಸ್ಸಿಲ್ಲ, ಒತ್ತಾಯ ಬೇಡ ಎಂದು ಇಬ್ಬರೂ ಕೂಡಿ ತೀರ್ಮಾನಿಸಿದರು. ಸಂಬಂಧ ತಂದವನು ಕಾಶೆವ್ವನ ಮೈದುನ ರಾಚಪ್ಪ. ಅವನಿಗೆ ಇವತ್ತು ಸಂಜೆ ಫೋನು ಮಾಡಿ, ಬೇಡವೆಂದು ಹೇಳಿಬಿಡುವುದಿತ್ತು. ಅವನ ನಂಬರು ಇದ್ದದ್ದು ಕಳುವಾದ ಫೋನಿನಲ್ಲಿ ಮಾತ್ರ.

ದಾಕ್ಷಾಯಿಣಿ ಬಾಗಿಲ ಹಿಂದಿನಿಂದ ಹೊರಗೆ ಬಂದಳು.

"ಅತ್ತಿ, ಫೋನಿಗೆ ಅದ ಬೀಗ ಐತೇನ? ಬದಲ ಮಾಡಿಲ್ಲಲ್ಲ?"

"ನೀನ ಕಲಿಸಿದ್ದಲ್ಲ. ಇಬತ್ತಿ ಹಚ್ಚಿಕೊಂಡಂಗ ಮೂರ ಗೆರಿ."

ಅಂಕಿ ನೆನಪಿರುವುದಿಲ್ಲವೆಂದು ಅತ್ತೆ ಅಂದಾಗ, ತೆರೆಯ ಮೇಲಿನ ಚುಕ್ಕೆಗಳಲ್ಲಿ ವಿಭೂತಿಯ ಮೂರು ಗೆರೆ ಎಳೆಯಲು ಕಲಿಸಿದವಳು ದಾಕ್ಷಾಯಿಣಿಯೇ. ಆಮೇಲೆ ಓಣಿಯ ಅರ್ಧ ಹೆಂಗಸರ ಫೋನಿಗೆ ಅದೇ ಬೀಗ ಹಾಕಿಕೊಟ್ಟಿದ್ದಳು. ಈ ಸೀಮೆಯ ಕಳ್ಳನಿಗೆ ಅದನ್ನು ತೆರೆಯಲು ಎಷ್ಟು ಹೊತ್ತು ಬೇಕು?

ತನ್ನ ಫೋನಿನಲ್ಲಿ ಅತ್ತೆಯ ಖಾತೆಯ ಹೆಸರು, ಪಾಸ್‌ವರ್ಡ್ ಹಾಕಿ, ಕಳೆದ ಫೋನು ಹುಡುಕುವ ಪುಟ ತೆರೆದಳು. ನಕಾಶೆಯ ಮೇಲೆ ಒಂದು ಹಸಿರು ಚುಕ್ಕೆ ಕಾಣಿಸಿತು. ಕಾಶೆವ್ವ ಕನ್ನಡಕ ಏರಿಸಿ ಬಗ್ಗಿದಳು.

"ಎಲ್ಲಿ ಐತಿ?"

"ಮೂಡಲಗಿ ಹಾದ್ಯಾಗ ಹೊಂಟೈತಿ."

"ನಾ ಮೂಡಲಗಿಗೆ ಹೋಗಿ ಎಷ್ಟ ವರ್ಷಾತು. ಅದಾದ್ರೂ ಹೋಗಿ ಬರ್ಲಿ."

"ಒಮ್ಮೆ ಫೋನ್ ಹಚ್ಚಿ ನೋಡು ತಂಗಿ," ಎಂದ ಅಪ್ಪಣ್ಣ ಮಗಳಿಗೆ. "ಡಬ್ಬಿ ಅಷ್ಟ ಕೊಟ್ಟು ಹೋಗಪ್ಪಾ ಅನ್ನು."

ದಾಕ್ಷಾಯಿಣಿಗೆ ನಗು ಬರಲಿಲ್ಲ. ಆ ಚುಕ್ಕೆಯೊಳಗೆ ತನ್ನ ಮಾತುಗಳೂ ಬಸ್ಸಿನಲ್ಲಿ ಕೂತು ಹೊರಟಿದ್ದವು. ಪುಟದ ಕೆಳಗೆ, ಫೋನಿನಲ್ಲಿರುವುದನ್ನೆಲ್ಲ ಅಳಿಸಬೇಕೇ ಎಂದು ಕೇಳಿತ್ತು.

"ಎಲ್ಲಾ ಅಳಿಸೂದಂದ್ರ, ನಾ ಕಳಿಸಿದ ಹೂವೂ ಹೋಗ್ತಾವೇನ?" ಅತ್ತೆ ಕೇಳಿದಳು.

"ನನ್ನ ಫೋನಿನ್ಯಾಗ ಇರತಾವ."

"ಹಂಗಾರ ಒತ್ತು."

ಒತ್ತಿದಳು. ಆಮೇಲೆ ಸಿಮ್ ಬಂದ್ ಮಾಡಿಸಬೇಕಿತ್ತು. ಕಂಪನಿಯವರಿಗೆ ಫೋನು ಹಚ್ಚಿದಾಗ ಅತ್ತಲಿನ ಹುಡುಗಿ ಹೆಸರು, ವಿಳಾಸ, ಹುಟ್ಟಿದ ತಾರೀಖು ಕೇಳಿದಳು. "ಹುಟ್ಟಿದ್ದು ಹೋಳಿ ಹುಣ್ಣಿಮಿ ಮುಂದ," ಎಂದು ಕಾಶೆವ್ವ ಜೋರಾಗಿ ಹೇಳಿದಳು. ಆಧಾರ ಕಾರ್ಡು ನೋಡಿ ದಾಕ್ಷಾಯಿಣಿ ತಾರೀಖು ಪಿಸುಗುಟ್ಟಿದಳು, ಅತ್ತೆ ಅದನ್ನು ಘೋಷಿಸಿದಳು. ಬ್ಯಾಂಕಿನವರಿಗೂ ಹಾಗೆಯೇ ಹೇಳಿ, ಪಿಂಚಣಿ ಮತ್ತು ಡೇರಿಯ ಹಾಲಿನ ದುಡ್ಡು ಬೀಳುವ ಖಾತೆಯಿಂದ ಫೋನಿನ ಮೂಲಕ ಯಾರೂ ಏನೂ ತೆಗೆಯದಂತೆ ನಿಲ್ಲಿಸಿದರು. ಕೊನೆಗೆ ದಾಕ್ಷಾಯಿಣಿ ಅತ್ತೆಯ ಖಾತೆಯ ಪಾಸ್‌ವರ್ಡ್ ಬದಲಾಯಿಸಿದಳು. ಇಷ್ಟೆಲ್ಲ ಆಗುವಾಗ ಅವಳು ಯಾರೊಡನೆಯೂ ನೇರ ಮಾತಾಡಿರಲಿಲ್ಲ. ಅತ್ತೆಯ ಕಿವಿಯಲ್ಲಿ ಮಾತ್ರ ಆಡಿದ್ದಳು.

"ರಾಚಪ್ಪಗ ಹೇಳೂದು ಉಳೀತಲ್ಲ," ಎಂದ ಅಪ್ಪಣ್ಣ.

"ನಾಳಿ ಸಿಮ್ ಬರ್ಲಿ. ಹೇಳಿದ್ರಾತು."

ಒಂದು ದಿನ ಸಿಕ್ಕಿತಲ್ಲ ಎಂದು ದಾಕ್ಷಾಯಿಣಿಗೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಮನೆಯಲ್ಲಿ ಕಳುವಾಗಿದೆ, ತನಗೆ ಕಳ್ಳನ ಮೇಲೆ ಸಣ್ಣದೊಂದು ಕೃತಜ್ಞತೆ.

ಮರುದಿನ ಅವಳೂ ಅತ್ತೆಯೂ ಗೋಕಾಕಕ್ಕೆ ಹೋದರು. ಠಾಣೆಯಲ್ಲಿ ಪೊಲೀಸರು ಫೋನು ಬಂದಿದ್ದ ಪೆಟ್ಟಿಗೆ ಕೇಳಿದರು, ಅದರ ಮೇಲಿನ ನಂಬರಿನಿಂದ ಫೋನು ಎಲ್ಲೂ ನಡೆಯದಂತೆ ಮಾಡಲು ಬರುತ್ತದಂತೆ. ಕಾಶೆವ್ವ ಪೆಟ್ಟಿಗೆ ಕೊಟ್ಟಳು. ಅದರೊಳಗೆ ದೇವರ ದೀಪಕ್ಕೆಂದು ಹೊಸೆದಿಟ್ಟ ಬತ್ತಿಗಳಿದ್ದವು. ಪೇದೆ ಅವನ್ನು ಮೇಜಿನ ಮೇಲೆ ಒಂದೊಂದಾಗಿ ತೆಗೆದಿಟ್ಟು ನಂಬರು ಬರೆದುಕೊಂಡ.

"ಸುಣ್ಣದ ಡಬ್ಬಿನೂ ಬರ್ಕೋರಿ, ಸಾಹೇಬ್ರ."

"ಬರ್ಕೊಂಡೇನಿ ತಗೋ ಯವ್ವಾ."

ಸಿಮ್ಮಿನ ಅಂಗಡಿಯ ಉದ್ದಪ್ಪನ ಮುಂದೆ ಹೊತ್ತು ಹಿಡಿಯಿತು. ಕಾಶೆವ್ವನ ಹೆಬ್ಬೆರಳಿನ ಗುರುತು ಯಂತ್ರಕ್ಕೆ ಸಿಗಲಿಲ್ಲ. ಸೆರಗಿಗೆ ತಿಕ್ಕಿದಳು, ಊದಿದಳು, ಕೊನೆಗೆ ಎಡಗೈಯ ಬೆರಳು ಹಿಡಿಯಿತು. ದಾಕ್ಷಾಯಿಣಿ ತನ್ನ ಹಳೆಯ ಫೋನು ತಂದಿದ್ದಳು. ಗಾಜಿನ ಮೂಲೆ ಸೀಳಿತ್ತು, ಉಳಿದದ್ದು ಚೆನ್ನಾಗಿತ್ತು. ಅಂಗಡಿಯ ವೈಫೈ ಹಿಡಿದು ಅತ್ತೆಯ ಖಾತೆ ತೆರೆದಾಗ, ಅದರಲ್ಲಿ ಉಳಿದಿದ್ದ ಹಳೆಯ ನಂಬರುಗಳೆಲ್ಲ ಒಂದರ ಹಿಂದೆ ಒಂದು ಇಳಿದು ಬಂದವು. ಅತ್ತೆಗೆ ಗೊತ್ತಾಗಲೆಂದು ಪ್ರತಿ ನಂಬರಿಗೂ ಫೋಟೊ ಹಾಕಿದ್ದಳು. ಡೇರಿಯವನು, ಬಳೆಗಾರ್ತಿ ಯಲ್ಲಕ್ಕ, ರುಮಾಲು ಸುತ್ತಿದ ರಾಚಪ್ಪ.

"ದುಡ್ಡು ಕಳಿಸೂ ಪಿನ್ನೂ ಹೊಸಾದು ಇಟ್ಕೋಬೇಕು ಅತ್ತಿ," ಎಂದಳು ಮೆಲ್ಲಗೆ.

"ಮೊದಲಿಂದು ಏನ್ ಆಗೇತಿ? ನೀ ಹುಟ್ಟಿದ ಇಸ್ವಿ ಅಲ್ಲೇನ ಅದು?" ಎಂದು ಇಸವಿಯನ್ನೂ ಹೇಳಿಬಿಟ್ಟಳು ಕಾಶೆವ್ವ. ಅಂಗಡಿಯಲ್ಲಿದ್ದವರೆಲ್ಲ ಹುಡುಗಿಯತ್ತ ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು.

"ಅಜ್ಜಿ, ಪಿನ್ ಬಾಯಿಲೆ ಹೇಳಬಾರ್ದು," ಎಂದ ಉದ್ದಪ್ಪ.

"ಬಾಯಿಲೆ ಹೇಳಲಾರದ ಮತ್ತ ಎಲ್ಲಿಂದ ಹೇಳಲೋ?"

ಬೀಗವನ್ನೂ ಬದಲಾಯಿಸಬೇಕು, ಈ ಸಲ ಯಾರಿಗೂ ಹೊಳೆಯಬಾರದು ಎಂದಾಗ ಕಾಶೆವ್ವ ಗೋಡೆಯ ಕಡೆ ತಿರುಗಿ ಕೂತು, ಸೆರಗು ಮರೆ ಮಾಡಿಕೊಂಡು, ಚುಕ್ಕೆಗಳ ಮೇಲೆ ಏನೋ ಎಳೆದಳು. "ನಿನಗೂ ಹೇಳಂಗಿಲ್ಲ," ಎಂದಳು.

ಸಿಮ್ ಚಾಲೂ ಆಗಲು ಹೊತ್ತು ಬೇಕೆಂದ ಉದ್ದಪ್ಪ. ಊರಿಗೆ ಮರಳುವ ಕೊಣ್ಣೂರ ಬಸ್ಸು ತುಂಬಿತ್ತು. ಕಾಶೆವ್ವ ಹೊಸ ಸಂಚಿಯನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ಹತ್ತಿದಳು, ಕಿಟಕಿಯ ಪಕ್ಕ ಕೂತ ಮೇಲೂ ಬಿಡಲಿಲ್ಲ.

"ದಾಕ್ಷಿ, ನಾವು ಅಳಿಸೂದ್ರೊಳಗ ಆ ಕಳ್ಳ ಓದಿರಬೇಕಲ್ಲ, ನೀ ಬರದಿದ್ದು?"

ದಾಕ್ಷಾಯಿಣಿ ಬೆಚ್ಚಿದಳು. "ಓದಿದ್ರೂ ಓದಿರಬೇಕು."

"ನೀನಂತೂ ಬರದಾಕಿ. ಕಂಪನ್ಯಾವ್ರ ಕೈಯಾಗೂ ಹಾದು ಬರತೈತಿ ಅಂತಾರ." ಅತ್ತೆ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು. "ಹಂಗಾರ ಓದಲಾರದಾಕಿ ನಾ ಒಬ್ಬಾಕಿನ ಉಳದ್ನಿ. ಕಳಿಸಿದ್ದು ಮಾತ್ರ ನನಗ."

ಅತ್ತೆಯ ದನಿಯಲ್ಲಿ ದೂರು ಇರಲಿಲ್ಲ. ತಾಯಿ ತೀರಿಕೊಂಡ ಮೇಲೆ ದಾಕ್ಷಾಯಿಣಿಯ ಜಡೆ ಹೆಣೆಯಲೆಂದೇ ಈ ಮನೆಗೆ ಬಂದು ಉಳಿದವಳು ಅತ್ತೆ. ಅವಳ ಹೂವುಗಳೆಲ್ಲ ಒಂದು ಕಡೆ, ತನ್ನ ಅಕ್ಷರಗಳೆಲ್ಲ ಒಂದು ಕಡೆ ಸಾಲಾಗಿ ನಿಂತದ್ದು ಕಣ್ಣಿಗೆ ಕಟ್ಟಿತು.

ಗೋಕಾಕ ಫಾಲ್ಸಿನ ಹತ್ತಿರದ ತಿರುವಿನಲ್ಲಿ ಫೋನು ನಡುಗಿತು.

"ಸಿಗ್ನಲ್ಲಿನ ಕಡ್ಡಿ ಬಂದ್ವು ನೋಡು," ಎಂದು ಕಾಶೆವ್ವ ಸೆರಗಿನ ಮರೆಯಲ್ಲಿ ಹೊಸ ಬೀಗ ತೆಗೆದಳು. ಬೆರಳು ಫೋಟೊಗಳ ಮೇಲೆ ಮೆಲ್ಲಗೆ ಇಳಿಯುತ್ತ ರುಮಾಲಿನ ಹತ್ತಿರ ನಿಂತಿತು. "ಈ ರಾಚಪ್ಪಂದೊಂದು ಮುಗಿಸಿಬಿಡ್ತೇನಿ. ಪಾಪ, ಆ ಹುಡುಗನ ಮನ್ಯಾವ್ರು ಹಾದಿ ಕಾಯಾಕತ್ತಿರತಾರ."

"ಅತ್ತಿ, ಬ್ಯಾಡ."

"ಆಂ?"

ಬಸ್ಸು ಏರಿಗೆ ಬಿದ್ದು ಗುಡುಗುತ್ತಿತ್ತು. ದಾಕ್ಷಾಯಿಣಿ ಮತ್ತೆ ಹೇಳಿದಳು, ಅವಳಿಗೇ ಕೇಳಿಸಲಿಲ್ಲ. ಕೈ ತಾನಾಗಿ ತನ್ನ ಫೋನಿನ ಕಡೆ ಹೋಯಿತು. ಬರೆದರೆ ಎರಡೇ ಸಾಲು. ಅತ್ತೆ ಹೂವು ಕಳಿಸುತ್ತಾಳೆ.

ಕಾಶೆವ್ವ ರುಮಾಲಿನ ಮೇಲೆ ಒತ್ತಿ ಫೋನನ್ನು ಕಿವಿಗಿಟ್ಟುಕೊಂಡಿದ್ದಳು. ಗಂಟೆ ಹೋಗುತ್ತಿದ್ದದ್ದು ದಾಕ್ಷಾಯಿಣಿಗೂ ಕೇಳುತ್ತಿತ್ತು.

ಅವಳು ಅತ್ತೆಯ ಮಣಿಕಟ್ಟು ಹಿಡಿದು ಫೋನನ್ನು ಕಿವಿಯಿಂದ ಕೆಳಗಿಳಿಸಿದಳು. ಆಮೇಲೆ, ಮುಂದಿನ ಸೀಟಿನ ಹೆಂಗಸು ಕೂಡ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು:

"ಅತ್ತಿ, ನನಗ ಅಂವ ಮನಸಿಗೆ ಬಂದಾನ."