ಇಪ್ಪತ್ತೊಂಬತ್ತು ಡಿಗ್ರಿಯ ಮಲಗುವ ಕೋಣೆ

ಅಕ್ಟೋಬರ್ ಬಂತೆಂದರೆ ನಮ್ಮ ಗಣಿ ಊರಿನ ಮನೆಮನೆಯಲ್ಲೂ ಹಿಟ್ಟಿನ ಅಂಟು ಕುದಿಯುತ್ತದೆ. ಹಳೆಯ ಹಾಸಿಗೆ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಹರಿದು, ಅಂಟಿನಲ್ಲಿ ಅದ್ದಿ, ಚಳಿಗಾಳಿ ನುಗ್ಗದಂತೆ ಕಿಟಕಿಯ ಸಂದಿಗೆಲ್ಲ ಮೆತ್ತುತ್ತೇವೆ. ಮೇಲಿನ ಮೂಲೆಯಲ್ಲಿರುವ ಪುಟ್ಟ ಗಾಳಿಕಿಂಡಿಯನ್ನು ಮಾತ್ರ ಹಾಗೇ ಬಿಡಬೇಕು. ನನ್ನ ಅತ್ತೆ ರೌಶಾನ್ ಅದನ್ನೂ ಬಿಡುವವರಲ್ಲ. ಅದಕ್ಕೆ ಎರಡು ಸುತ್ತು ಪಟ್ಟಿ.

ಕಿಟಕಿಯ ಕೆಳಗೇ ರೇಡಿಯೇಟರ್, ಬಿಸಿನೀರು ಹರಿದು ಮನೆ ಕಾಯಿಸುವ ಕಬ್ಬಿಣದ ಕೊಳವೆಗಳು. ಊರಿಗೆಲ್ಲ ಒಂದೇ ಸ್ಥಾವರದಿಂದ ಬಿಸಿನೀರು ಬರುತ್ತದೆ. ನಮ್ಮ ಮನೆಯಲ್ಲಿ ಅದನ್ನು ತಗ್ಗಿಸಲು ಒಂದು ತಿರುಪೂ ಇಲ್ಲ. ಹೊರಗೆ ಮೈನಸ್ ಮೂವತ್ತು, ಒಳಗೆ ಬನಿಯನ್ನೂ ಒದ್ದೆ. ಇದಕ್ಕೆ ನಾವು ಸುಖ ಅಂತ ಹೆಸರಿಟ್ಟಿದ್ದೆವು. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ನನ್ನ ಗಂಡ ಸಾಕೆನ್ ಬಸ್ ಓಡಿಸುತ್ತಾನೆ. ಮೊದಲ ಸುತ್ತಿನಲ್ಲಿ ಗಣಿಯ ಪಾಳಿಯವರು, ಎರಡನೆಯದರಲ್ಲಿ ಶಾಲೆಯ ಮಕ್ಕಳು. ಈ ಚಳಿಗಾಲ ಶುರುವಾದಾಗಿನಿಂದ ಅವನಿಗೆ ಸರಿಯಾದ ನಿದ್ದೆಯಿರಲಿಲ್ಲ. ಹೊದಿಕೆ ಒದೆಯುತ್ತಿದ್ದ, ದಿಂಬು ತಿರುಗಿಸುತ್ತಿದ್ದ, ಎದ್ದು ತಣ್ಣೀರು ಕುಡಿಯುತ್ತಿದ್ದ. ಯಾರದೋ ಕಣ್ಣು ಬಿದ್ದಿದೆ ಎಂದು ಅತ್ತೆ ವಾರಕ್ಕೊಮ್ಮೆ ಒಣಸೊಪ್ಪು ಸುಟ್ಟು ಮನೆಯೆಲ್ಲ ಹೊಗೆ ಹಾಕಿದರು. ನಾನು ಅವನ ಫೋನನ್ನು ಬೈದೆ. ಕಿಟಕಿಯನ್ನು ಯಾರೂ ಬೈಯಲಿಲ್ಲ.

ಜನವರಿಯ ಒಂದು ಬೆಳಿಗ್ಗೆ, ಹೊರಟು ಒಂದು ಗಂಟೆಯೂ ಆಗಿಲ್ಲ, ಸಾಕೆನ್ ವಾಪಸ್ ಬಂದ. ಹಿಂದೆ ಬಸ್ ಡಿಪೋದ ನರ್ಸ್ ಗಾಲಿಯಾ. ದಿನಾ ಬೆಳಿಗ್ಗೆ ಡ್ರೈವರುಗಳನ್ನು ಪರೀಕ್ಷಿಸಿ, ಕಾಗದಕ್ಕೆ ಮುದ್ರೆ ಒತ್ತಿ, ಬಸ್ ಹತ್ತಲು ಬಿಡುವವಳು ಅವಳೇ. ಬೂಟು ಕಳಚದೆ ಸೀದಾ ನಡುಮನೆಗೆ ನುಗ್ಗಿದಳು.

"ಬೂಟು! ಜಮಖಾನದ ಮೇಲೆಲ್ಲ ಹಿಮ!" ಎಂದರು ಅತ್ತೆ.

"ಜಮಖಾನ ಒಣಗತ್ತೆ ಅಪಾ. ನಿಮ್ಮ ಮಗನಿಗೆ ಇವತ್ತು ಮುದ್ರೆ ಹಾಕಿಲ್ಲ ನಾನು." ಹಿರಿಯ ಹೆಂಗಸರನ್ನು ನಮ್ಮಲ್ಲಿ ಅಪಾ ಎನ್ನುತ್ತೇವೆ.

"ಓಯ್‌ಬಾಯ್! ಕುಡಿದಿದ್ನಾ?"

"ಕುಡಿದಿದ್ರೆ ಯಂತ್ರಕ್ಕೆ ಊದಿಸ್ದಾಗ ಗೊತ್ತಾಗ್ತಿತ್ತು. ಸೊನ್ನೆ ಬಂತು. ರಕ್ತದೊತ್ತಡ ನೋಡೋಣ ಅಂತ ತೋಳಿಗೆ ಪಟ್ಟಿ ಸುತ್ತಿದೆ. ಗಾಳಿ ತುಂಬೋದ್ರೊಳಗೆ ಕುರ್ಚೀಲೇ ಗೊರಕೆ! ಇಂಥವನಿಗೆ ಮೂರು ತಿಂಗಳಿಂದ ಕಣ್ಮುಚ್ಚಿ ಮುದ್ರೆ ಒತ್ತಿದೀನಿ. ನನ್ನ ಕೆನ್ನೆಗೆ ನಾನೇ ಹೊಡ್ಕೋಬೇಕು. ಏನೋ ಸಾಕೆನ್, ನಿನ್ನೆ ನಡೆದಿದ್ದನ್ನ ನೀನೇ ಹೇಳ್ತೀಯೋ, ನಾನು ಹೇಳ್ಲೋ?"

ಸಾಕೆನ್ ಟೋಪಿ ಹಿಂಡುತ್ತ ನಿಂತಿದ್ದ.

"ರೈಲ್ವೆ ಗೇಟ್ ಹಾಕಿತ್ತು," ಎಂದ. "ನನಗೆ ಕಾಣ್ಲೇ ಇಲ್ಲ. ಕಣ್ಣು ಬಿಟ್ಟೇ ಇದೀನಿ ಅನ್ಕೊಂಡಿದ್ದೆ. ಹಿಂದಿಂದ ಒಬ್ಳು ಹುಡುಗಿ ಕಿರುಚಿದ್ಲು. ಬ್ರೇಕ್ ಒತ್ತಿದೆ. ಗೇಟಿನ ಕಂಬಿ ಬಂದು ಮುಂದಿನ ಗಾಜಿಗೆ ತಾಗ್ತು. ಆಚೆ ಕಲ್ಲಿದ್ದಲು ರೈಲು ಹೋಗ್ತಿತ್ತು."

"ಬಸ್ಸಲ್ಲಿ ಎಷ್ಟು ಮಕ್ಕಳಿದ್ವು?" ಎಂದೆ ನಾನು.

"ಇಪ್ಪತ್ತಾರು."

"ಕಿರುಚಿದೋಳು ನನ್ನ ಮೊಮ್ಮಗಳು," ಎಂದಳು ಗಾಲಿಯಾ. "ಮನೆಗೆ ಬಂದು ಹೇಳಿದ್ಲು. ಇವನಾಗೇ ಬಾಯಿ ಬಿಡ್ಲಿಲ್ಲ." ನನ್ನ ಕಡೆ ತಿರುಗಿದಳು. "ಬಾಯಾನ್, ಎಲ್ಲಿ ಮಲಗ್ತಾನೆ ಇವನು? ತೋರ್ಸು."

ಕೋಣೆ ತೋರಿಸಿದೆ. ಬಾಗಿಲು ತೆರೆಯುತ್ತಲೇ ಅವಳು ಕೋಟಿನ ಗುಂಡಿ ಬಿಚ್ಚಿಕೊಂಡಳು.

"ಇದೇನೇ ಇದು, ಮಲಗೋ ಕೋಣೆಯಾ, ಬ್ರೆಡ್ ಸುಡೋ ಒಲೆಯಾ?"

ಚೀಲದಿಂದ ಒಂದು ಉಷ್ಣಮಾಪಕ ತೆಗೆದು, ರೇಡಿಯೇಟರಿನಿಂದ ದೂರ, ದಿಂಬಿನ ಪಕ್ಕ ಇಟ್ಟಳು. ಅಷ್ಟರಲ್ಲಿ ಅತ್ತೆ ಹಾಲು ಬೆರೆಸಿದ ಚಹಾ ತಂದರು.

"ಕುಡಿ. ಕುಡಿದು ಬೈಯಿ."

ಗಾಲಿಯಾ ಎರಡು ಬಟ್ಟಲು ಕುಡಿದು, ಉಷ್ಣಮಾಪಕವನ್ನು ಅತ್ತೆಯ ಮೂಗಿನ ಹತ್ತಿರ ಹಿಡಿದಳು. ಇಪ್ಪತ್ತೊಂಬತ್ತು.

"ದೇವರ ದಯೆ," ಎಂದರು ಅತ್ತೆ.

"ದಯೆಯಂತೆ! ಮಲಗೋ ಕೋಣೆಗೆ ಹದಿನೆಂಟು ಸಾಕು ಅಪಾ. ಒಂದೆರಡು ಹೆಚ್ಚು ಕಮ್ಮಿ. ನಿದ್ದೆ ಹತ್ತಬೇಕಾದ್ರೆ ಮೈ ಒಂಚೂರು ತಣ್ಣಗಾಗ್ಬೇಕು. ಒಳಗಿನ ಬಿಸಿ ಹೊರಗೆ ಹೋಗ್ಬೇಕು. ಕೋಣೇನೇ ಕುದೀತಿದ್ರೆ ಅದು ಹೋಗೋದೆಲ್ಲಿಗೆ? ಬೆವರ್ತಾನೆ, ಏಳ್ತಾನೆ, ಮತ್ತೆ ಬೆವರ್ತಾನೆ. ಎಂಟು ಗಂಟೆ ಬಿದ್ಕೊಂಡಿರ್ತಾನೆ, ನಿದ್ದೆ ಮೂರು ಗಂಟೇನೂ ಇಲ್ಲ. ಆ ಕಿಂಡಿ ಬಿಚ್ಚಿ."

ಅತ್ತೆ ಕಿಟಕಿಗೆ ಬೆನ್ನು ಕೊಟ್ಟು ನಿಂತರು.

"ಬಿಚ್ಚಲ್ಲ! ತೊಂಬತ್ತಾರರಲ್ಲಿ ಸ್ಥಾವರ ನಿಂತುಹೋದಾಗ ಇದೇ ಮನೇಲಿ ಬೀರು ಸುಟ್ಟೆ, ನೆಲದ ಹಲಗೆ ಕಿತ್ತು ಸುಟ್ಟೆ, ಒಳಗಿನ ಬಾಗಿಲುಗಳನ್ನೂ ಸುಟ್ಟೆ. ಇವನು ಆಗ ಆರು ವರ್ಷದ ಕೂಸು, ನನ್ನ ಕೋಟೊಳಗೇ ಮಲಗ್ತಿದ್ದ. ಬಂದಿರೋ ಬಿಸೀನ ಬೀದಿಗೆ ಚೆಲ್ಲು ಅಂತೀಯಾ? ಮುದ್ರೆ ಒತ್ತೋಳು ನೀನು, ಒತ್ಕೊಂಡಿರು!"

"ನಾನೂ ಸುಟ್ಟಿದೀನಿ ಅಪಾ. ನನ್ನಪ್ಪನ ಮಂಚ ಸುಟ್ಟೆ. ಆ ಚಳಿ ಹೋಗಿ ಎಷ್ಟು ವರ್ಷ ಆಯ್ತು? ಅದರ ಮೇಲಿನ ಸಿಟ್ಟನ್ನ ನಿಮ್ಮ ಮಗನ ಮೇಲೆ ಯಾಕೆ ತೀರಿಸ್ತೀರಿ?"

"ಗಾಳಿ ಹೊಡೆದು ಎದೆ ಕಟ್ಕೊಂಡ್ರೆ? ನೀನು ಬಂದು ಸೇವೆ ಮಾಡ್ತೀಯಾ?"

"ಗಾಳಿಗೆ ಎದೆ ಒಡ್ಡಿ ಮಲಗು ಅಂತ ಯಾರು ಹೇಳಿದ್ದು? ಹೋಗ್ಲಿ, ಚಳಿಗಾಲದಲ್ಲಿ ಈ ಕಿಂಡೀನ ಯಾವತ್ತೂ ತೆಗೆದೇ ಇಲ್ವಾ ನೀವು?"

ಅತ್ತೆ ತಿರುಗಿ ಕಿಂಡಿಯತ್ತ ನೋಡಿದರು.

"ತೆಗೆದಿದ್ದೆ," ಎಂದರು. "ಇವನಪ್ಪ ಹೋದಾಗ. ದೂರದೂರಿನ ನಂಟರು ಬಂದು ಮಣ್ಣು ಮಾಡೋ ತನಕ ಎರಡು ದಿನ ಈ ಕೋಣೇಲೇ ಇಟ್ಟಿದ್ವಿ."

ಗಾಲಿಯಾಳ ದನಿ ಇಳಿಯಿತು; ಸಿಟ್ಟು ಇಳಿಯಲಿಲ್ಲ. "ಹೆಣ ಕೆಡಬಾರದು ಅಂತ ಕಿಂಡಿ ತೆಗೆದ್ರಿ. ಬದುಕಿರೋ ಮಗನಿಗೆ ತೆಗಿಯಕ್ಕಾಗಲ್ವಾ? ನಿನ್ನೆ ಆ ಹುಡುಗಿ ಕಿರುಚದೇ ಇದ್ದಿದ್ರೆ ಇವತ್ತು ಇಪ್ಪತ್ತಾರು ಮನೇಲಿ ಕಿಂಡಿ ತೆಗೀಬೇಕಾಗಿತ್ತು. ನಿಮ್ಮನೇದು ಇಪ್ಪತ್ತೇಳನೇದು."

ಅತ್ತೆ ಅಡುಗೆಮನೆಗೆ ಹೋದರು. ಮಾಂಸ ಹೆಚ್ಚುವ ಚಾಕು ಹಿಡಿದು ಬಂದರು. ಸ್ಟೂಲಿನ ಮೇಲೆ ನಾನು ಹತ್ತುತ್ತೇನೆಂದರೆ, "ಮುಟ್ಬೇಡ! ಅಂಟಿಸಿದೋಳು ನಾನು!" ಎಂದು ಗದರಿ, ತಾವೇ ಹತ್ತಿ ಸರಸರ ಪಟ್ಟಿ ಸೀಳಿದರು. ಕಿಂಡಿ ತೆರೆಯಿತು. ಗಾಳಿ ಬುಸ್ಸೆಂದು ಒಳಗೆ ನುಗ್ಗಿತು.

"ಆದ್ರೆ ನನ್ನ ಕೋಣೇದು ಬಿಚ್ಚಲ್ಲ," ಎಂದರು, ಸ್ಟೂಲಿನ ಮೇಲಿಂದಲೇ.

"ನಿಮಗೆ ಎಪ್ಪತ್ತೆರಡು. ವಯಸ್ಸಾದ ಮೈಗೆ ಇಪ್ಪತ್ತೆರಡರವರೆಗೂ ಬೇಕಾಗ್ಬಹುದು, ಇರ್ಲಿ. ಆದ್ರೆ ಉಸಿರಾಡೋಕೆ ಹೊಸ ಗಾಳಿ ನಿಮಗೂ ಬೇಕು. ಹಗಲು ಐದು ನಿಮಿಷ ತೆಗೀರಿ. ಆಗ ಬೇಕಿದ್ರೆ ಅಡುಗೆಮನೇಲಿ ಕೂತು ನನ್ನ ಬೈತಾ ಇರಿ."

"ಐದು ನಿಮಿಷ ಸಾಲಲ್ಲ ಅದಕ್ಕೆ," ಎಂದರು ಅತ್ತೆ.

ಅವತ್ತಿನಿಂದ ಗಾಲಿಯಾ ಹೇಳಿದಂತೆ ಮಾಡಿದೆವು. ಮಲಗುವ ಮುಂಚೆ ಕೋಣೆಯಿಂದ ಎಲ್ಲರೂ ಹೊರಗೆ ಬಂದು ಹತ್ತು ನಿಮಿಷ ಕಿಂಡಿಯನ್ನು ಪೂರ್ತಿ ತೆಗೆದಿಡುವುದು. ಆಮೇಲೆ ಎರಡು ಬೆರಳಿನಷ್ಟು ಬಿಟ್ಟು ಮುಚ್ಚುವುದು. ಗಾಳಿ ನೇರ ತಲೆಗೆ ಬಡಿಯದಂತೆ ಮಂಚವನ್ನು ಆಚೆ ಗೋಡೆಗೆ ಸರಿಸಿದೆವು. ಮೂರು ಹೊದಿಕೆಯ ಜಾಗದಲ್ಲಿ ಒಂದು. ಕಾಲು ತಣ್ಣಗಾದರೆ ಉಣ್ಣೆಯ ಕಾಲುಚೀಲ. ಮೊದಲ ದಿನ ಉಷ್ಣಮಾಪಕ ಇಪ್ಪತ್ತೆರಡಕ್ಕೆ ಇಳಿಯಿತು, ಮೂರನೆಯ ದಿನ ಹತ್ತೊಂಬತ್ತಕ್ಕೆ.

ಒಂದು ವಾರ ಗಾಲಿಯಾ ಅವನಿಗೆ ಮುದ್ರೆ ಹಾಕಲಿಲ್ಲ. ಡಿಪೋದಲ್ಲಿ ಬಸ್ ತೊಳೆಯುವ ಕೆಲಸ ಕೊಡಿಸಿದಳು. ಎಂಟನೆಯ ಬೆಳಿಗ್ಗೆ ಅರ್ಧ ಗಂಟೆ ಕೂರಿಸಿಕೊಂಡು ಮಾತಾಡಿಸಿ, ಕಣ್ಣು ನೋಡಿ, ಮುದ್ರೆ ಒತ್ತಿದಳು. ಒತ್ತಿ, ಎರಡನೆಯ ಸುತ್ತಿಗೆ ಮೊಮ್ಮಗಳ ಕೈ ಹಿಡಿದುಕೊಂಡು ಅದೇ ಬಸ್ಸಿನ ಮುಂದಿನ ಸೀಟಿನಲ್ಲಿ ತಾನೂ ಹೋಗಿ ಕೂತಳು. ರೈಲ್ವೆ ಗೇಟು ಹಾಕಿತ್ತಂತೆ. ಸಾಕೆನ್ ಎಷ್ಟೋ ದೂರದಲ್ಲೇ ಬಸ್ ನಿಲ್ಲಿಸಿ, ಹಿಂದಕ್ಕೆ ತಿರುಗಿ, "ಕಿರುಚೋದೇನಾದ್ರೂ ಇದೆಯಾ?" ಎಂದು ಆ ಹುಡುಗಿಯನ್ನು ಕೇಳಿದನಂತೆ. ಅವಳು ನಕ್ಕಳಂತೆ. ಗಾಲಿಯಾ ಮಾತ್ರ ನಗಲಿಲ್ಲವಂತೆ.

ನೀವೂ ನಗಬೇಡಿ. ಈಗಲೇ ಎದ್ದು ಹೋಗಿ ನಿಮ್ಮ ಮಲಗುವ ಕೋಣೆ ನೋಡಿ. ದಿಂಬಿನ ಪಕ್ಕ ಉಷ್ಣಮಾಪಕ ಇಡಿ. ಹೊರಗೆ ಹಿಮವಿದ್ದೂ ಇಪ್ಪತ್ತೈದು, ಇಪ್ಪತ್ತೆಂಟು ತೋರಿಸಿದರೆ ಅದು ನಿಮ್ಮ ಭಾಗ್ಯವಲ್ಲ, ನಿಮ್ಮ ತಪ್ಪು. ಕೂಸು ಮಲಗಿದ್ದರೆ ಅದರ ಕುತ್ತಿಗೆಯ ಹಿಂದೆ ಕೈ ಇಟ್ಟು ನೋಡಿ. ಬೆವರಿದ್ದರೆ ಒಂದು ಹೊದಿಕೆ ತೆಗೆಯಿರಿ. ಬೆಳಿಗ್ಗೆ ಬಸ್ಸನ್ನೋ ಲಾರಿಯನ್ನೋ ಗಣಿಯ ಲಿಫ್ಟನ್ನೋ ನಡೆಸುವವರು ನಿಮ್ಮ ಮನೆಯಲ್ಲಿದ್ದರೆ, ಅವರ ನಿದ್ದೆ ನಿಮ್ಮ ಮನೆಯದಷ್ಟೇ ಅಲ್ಲ, ಆ ಗಾಡಿ ಹತ್ತುವ ಎಲ್ಲರದು. ಚಾಕು ತಗೊಳ್ಳಿ, ಪಟ್ಟಿ ಸೀಳಿ. ನಾಳೆ ಅಂತ ಮಾತ್ರ ಹೇಳಬೇಡಿ. ನಾಳೆ ಬೆಳಿಗ್ಗೆ ಅವರು ಗಾಡಿ ಹತ್ತಬೇಕು.